ಉಪವಾಸದ ಉಪ್ಪಿಟ್ಟು

ತಿಂದು ತಿಂದು ಕಾಯಿಲೆ ಬಿದ್ದವರನ್ನು ನೋಡಿದ್ದೇನೆ. ತಿನ್ನಲು ಇಲ್ಲದೆ ಬಿದ್ದವರನ್ನೂ ನೋಡಿದ್ದೇನೆ. ಆದರೆ ಉಪವಾಸ ಮಾಡುತ್ತಾ, ಆ ಉಪವಾಸದಲ್ಲೇ ತಿಂದು ಕಾಯಿಲೆ ಬಿದ್ದವರು ನಾನು ಕಂಡಂತೆ ಈ ಭೂಮಿಯ ಮೇಲೆ ಒಬ್ಬರೇ. ಅವರು ನಮ್ಮ ಯಜಮಾನರ ಅಕ್ಕ, ನನ್ನ ಅತ್ತಿಗೆ!

ಸುದ್ದಿ ಬಂದಾಗ ನಾನು ಸಾರಿನ ಪುಡಿಗೆಂದು ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಾ ಕೂತಿದ್ದೆ. ಹಾಸನದ ಎಸ್‌ಟಿಡಿ ಬೂತಿನಿಂದ ಯಜಮಾನರ ಫೋನು. ಅಕ್ಕನ ರಕ್ತದ ರಿಪೋರ್ಟು ಬಂತಂತೆ, ಗಂಟಲಿಗೆ ಟ್ಯೂಬು ಇಳಿಸಿ ನೋಡಿದ್ದೂ ಆಯಿತಂತೆ, ಸೀಲಿಯಾಕ್ ಎಂಬ ಕಾಯಿಲೆಯಂತೆ. ಗೋಧಿ ಅವರ ಕರುಳಿಗೆ ವಿಷವಂತೆ, ಇನ್ನು ಬದುಕಿರುವ ತನಕ ಒಂದು ಚೂರೂ ಬಾಯಿಗೆ ಹಾಕಬಾರದಂತೆ. ನಾನು ಮೆಣಸಿನಕಾಯಿಯ ಕೈಯಲ್ಲೇ ಕಣ್ಣೊರೆಸಿಕೊಂಡೆ. ಆಮೇಲೆ ಅರ್ಧ ಗಂಟೆ ಅತ್ತದ್ದು ಅತ್ತಿಗೆಗಾಗಿಯೋ ಮೆಣಸಿನಕಾಯಿಯಿಂದಲೋ ದೇವರೇ ಬಲ್ಲ. ನಾವು ಹೆದರಿದ್ದ ದೊಡ್ಡ ಕಾಯಿಲೆ ಅಲ್ಲವಲ್ಲ, ಅಷ್ಟು ಕರುಣೆ ಸಾಕು ಎಂದು ದೇವರ ಮುಂದೆ ಒಂದು ಬತ್ತಿ ಹೆಚ್ಚಿಗೆ ಹಚ್ಚಿದೆ.

ಆಗ ನಾವು ವನಗೂರಿನ ಹತ್ತಿರ ಎಸ್ಟೇಟಿನ ಮನೆಯಲ್ಲಿದ್ದೆವು. ಯಜಮಾನರು ಅಲ್ಲಿ ರೈಟರ್, ಆಳುಗಳ ಹಾಜರಿ ಬರೆಯುವ ಕೆಲಸ. ಮಗ್ಗೆಯ ಕಡೆ ಶಾಲೆಯಲ್ಲಿ ಮೇಡಂ ಆಗಿದ್ದ ಅತ್ತಿಗೆ, ಭಾವ ತೀರಿಕೊಂಡು ತಮಗೂ ಕೈಲಾಗದಂತಾದ ಮೇಲೆ ನಮ್ಮಲ್ಲಿಗೆ ಬಂದಿದ್ದರು. ಮೈಯಲ್ಲಿ ಮಾಂಸವಿಲ್ಲ, ತಲೆಯಲ್ಲಿ ಕೂದಲಿಲ್ಲ, ಬಾಯಿಗೆ ಮಾತ್ರ ರಜೆ ಇಲ್ಲ. ಏಪ್ರಿಲ್ ಬಿಸಿಲಿನಲ್ಲೂ ಸ್ವೆಟರು, ಮೇಲೊಂದು ಮಂಕಿ ಕ್ಯಾಪು. ಥೈರಾಯ್ಡ್ ಎಂದು ವರ್ಷಗಳಿಂದ ಮಾತ್ರೆ. ಅದು ಅರ್ಧದಿಂದ ಶುರುವಾಗಿ ಒಂದಾಗಿ, ಒಂದೂವರೆಯಾಗಿ, ಎರಡಕ್ಕೆ ಏರಿದರೂ ಅತ್ತಿಗೆ ಮಾತ್ರ ಇಳಿಯುತ್ತಲೇ ಇದ್ದರು. ಮೊದಲು ನೋಡುತ್ತಿದ್ದ ಡಾಕ್ಟರು ಒಮ್ಮೆ ಬೇಸತ್ತು, ನೀವು ಮಾತ್ರೆ ನುಂಗುತ್ತಿದ್ದೀರೋ ಎಸೆಯುತ್ತಿದ್ದೀರೋ ಎಂದು ಕೇಳಿಬಿಟ್ಟರು. ಮೂವತ್ತು ವರ್ಷ ಮಕ್ಕಳ ಸುಳ್ಳು ಹಿಡಿದ ಮೇಡಂಗೆ ಈ ಮಾತೇ? ಮುಂದಿನ ಸಲ ಎರಡು ವರ್ಷದ ಖಾಲಿ ಮಾತ್ರೆ ಹಾಳೆಗಳನ್ನು ಬಟ್ಟೆಯ ಚೀಲದಲ್ಲಿ ತುಂಬಿಕೊಂಡು ಹೋಗಿ ಅವರ ಮೇಜಿನ ಮೇಲೆ ಸುರಿದು, ಎಣಿಸಿಕೊಳ್ಳಿ ಎಂದು ಕೂತರು!

ಇನ್ನು ಉಪವಾಸದ ಕಥೆ. ಶನಿವಾರ ತಿಮ್ಮಪ್ಪನಿಗೆ, ಅದು ಬಹಳ ಹಳೆಯದು. ಆಮೇಲೆ ಹೊಟ್ಟೆ ಕೆಟ್ಟಿತೆಂದು ಗುರುವಾರ ಹಿಡಿದರು. ಗುರುವಾರ ಹಿಡಿದ ಮೇಲೆ ಹೊಟ್ಟೆ ಇನ್ನೂ ಕೆಟ್ಟಿತು. ಭಕ್ತಿ ಸಾಲದು ಎಂದುಕೊಂಡು ಸೋಮವಾರವನ್ನೂ ಹಿಡಿದರು. ಉಪವಾಸ ಎಂದರೆ ನಮ್ಮ ಕಡೆ ಅನ್ನ ಮುಟ್ಟಬಾರದು, ಫಲಾರ ಮಾಡಬಹುದು. ಫಲಾರ ಎಂದರೇನು? ಬೆಳಿಗ್ಗೆ ರವೆ ಉಪ್ಪಿಟ್ಟು, ಮಧ್ಯಾಹ್ನ ಚಪಾತಿ, ಸಂಜೆಗೆ ಗೋಧಿ ನುಚ್ಚಿನ ಪಾಯಸ. ಅವರು ಉಪವಾಸವಿದ್ದ ದಿನ ನಾನು ಒಲೆ ಬಿಟ್ಟು ಏಳುವಂತಿರಲಿಲ್ಲ. ಹಬ್ಬಗಳಾದರೂ ವರ್ಷಕ್ಕೆ ಇಷ್ಟೇ ಎಂದಿವೆ, ಇವರ ಉಪವಾಸ ವಾರಕ್ಕೆ ಮೂರು!

ಹಾಸನದ ಡಾಕ್ಟರು ಯಜಮಾನರಿಗೆ ಬಿಡಿಸಿ ಹೇಳಿದ್ದರು. ಗೋಧಿಯಿಂದ ಕರುಳು ಸವೆದಿದೆ, ಆದ್ದರಿಂದ ನುಂಗಿದ ಮಾತ್ರೆ ಮೈಗೆ ಹತ್ತುತ್ತಿಲ್ಲ. ಗೋಧಿ ಬಿಟ್ಟರೆ ಥೈರಾಯ್ಡೇ ವಾಸಿಯಾಗುತ್ತದೆ ಎಂದು ಹೇಳಲಾಗದು, ಮಾತ್ರೆ ತಪ್ಪಿಸುವಂತಿಲ್ಲ, ಆದರೆ ಅದು ಕೆಲಸ ಮಾಡಲಾದರೂ ದಾರಿಯಾಗಬಹುದು. ಹೀಗೇ ಬಿಟ್ಟರೆ ರಕ್ತವೂ ಉಳಿಯದು, ಮೂಳೆಯೂ ಉಳಿಯದು. ಅಷ್ಟು ಹೊತ್ತಿಗಾಗಲೇ ಅತ್ತಿಗೆ ಮನೆಯ ಮೆಟ್ಟಿಲ ಮೇಲೆ ಎರಡು ಸಲ ತಲೆ ತಿರುಗಿ ಬಿದ್ದಿದ್ದರು.

ಮನೆಗೆ ಬಂದ ಅತ್ತಿಗೆ ಮಾತ್ರ ಪರೀಕ್ಷೆ ಪಾಸಾದವರ ಹಾಗೆ ಹಗುರಾಗಿದ್ದರು. "ನಾವೇನು ಗೋಧಿ ಉಣ್ಣೋ ಜನವೇನೇ? ಅನ್ನ, ಮುದ್ದೆ, ಅಕ್ಕಿರೊಟ್ಟಿ. ಇದೇನ್ ಪಥ್ಯ ಮಾರಾಯ್ತಿ!" ಎಂದರು. ಕಾಫಿಯ ಜೊತೆಯ ಬಿಸ್ಕತ್ತು ಬಿಟ್ಟರು, ಬನ್ನು ಬಿಟ್ಟರು. ಇಂಗಿನ ಡಬ್ಬಿಯ ಸಣ್ಣ ಅಕ್ಷರವನ್ನು ಭೂತಗನ್ನಡಿಯಲ್ಲಿ ಓದಿ, ಅದರಲ್ಲಿ ಗೋಧಿ ಹಿಟ್ಟು ಬೆರೆಸಿರುವುದನ್ನು ಕಂಡುಹಿಡಿದು, ಡಬ್ಬಿಯನ್ನು ಕಿಟಕಿಯಾಚೆ ಎಸೆದರು. ಯಸಳೂರಿನ ಒಂದು ಮದುವೆಯಲ್ಲಿ ಅಡುಗೆಯವರನ್ನೇ ಎಲೆಯ ಮುಂದೆ ಕರೆಸಿ ಸಾರಿಗೆ ಯಾವ ಇಂಗು ಹಾಕಿದ್ದೀರೆಂದು ಪಾಠ ಒಪ್ಪಿಸಿಕೊಂಡರು. ನಾನು ನಾಚಿಕೆಯಿಂದ ಎಲೆಯ ಮೇಲೆ ತಲೆ ಬಗ್ಗಿಸಿದವಳು ಮಜ್ಜಿಗೆಗೇ ಎತ್ತಿದ್ದು.

ಮೂರು ತಿಂಗಳ ಮೇಲೆ ಮತ್ತೆ ರಕ್ತ ಪರೀಕ್ಷೆ. ಆ ಸಲ ಜೊತೆಗೆ ಹೋದವಳು ನಾನು. ಡಾಕ್ಟರು ಹಳೆಯ ಚೀಟಿ ಹೊಸ ಚೀಟಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಒಂದಿಷ್ಟೂ ವ್ಯತ್ಯಾಸವಿಲ್ಲ.

"ಗೋಧಿ ಪೂರ್ತಿ ಬಿಟ್ಟಿದ್ದೀರಾ ಅಮ್ಮ?"

"ಬಿಟ್ಟು ಮೂರು ತಿಂಗಳಾಯ್ತು ಸಾರ್."

"ನಿನ್ನೆ ಏನು ತಿಂದಿರಿ?"

"ನಿನ್ನೆ ಏನೂ ಇಲ್ಲ ಸಾರ್. ಸೋಮವಾರ, ಉಪವಾಸ. ಒಂಚೂರು ಉಪ್ಪಿಟ್ಟು, ಎರಡು ಚಪಾತಿ ಅಷ್ಟೇಯ."

ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಮಾಡಿಕೊಟ್ಟವಳು ನಾನೇ ಅಲ್ಲವೇ? ಅತ್ತಿಗೆ ಸುಳ್ಳು ಹೇಳಿರಲಿಲ್ಲ. ಉಪವಾಸದ ದಿನ ತಿಂದದ್ದನ್ನು ಊಟದ ಜೊತೆ ಸೇರಿಸುವುದುಂಟೇ? ನನಗೂ ಹಾಗೇ ಅನಿಸಿತ್ತು. ದೇವರ ಹೆಸರಿನಲ್ಲಿ ಮಡಿಯಲ್ಲಿ ಮಾಡಿದ್ದು ಯಾರಿಗಾದರೂ ಕೆಟ್ಟದ್ದು ಮಾಡೀತೇ ಎಂದು ನಂಬಿ, ಮೂರು ತಿಂಗಳು ವಾರಕ್ಕೆ ಮೂರು ದಿನ ಅವರಿಗೆ ನನ್ನ ಕೈಯಾರೆ ವಿಷ ಬಡಿಸಿದ್ದೆ.

ಬಂದವಳೇ ಗೋಧಿ ಹಿಟ್ಟು, ರವೆ, ಶಾವಿಗೆ ಎಲ್ಲವನ್ನೂ ಮನೆಯಿಂದ ಹೊರಗೆ ಹಾಕಿದೆ. ದೇವಸ್ಥಾನದ ಅರ್ಚಕರನ್ನು ಕೇಳಿದೆ. ಶರೀರ ಇದ್ದರೆ ತಾನೇ ವ್ರತ ಎಂದು ಅವರು ಒಂದೇ ಮಾತಿನಲ್ಲಿ ಬಿಡುಗಡೆ ಕೊಟ್ಟರು. ಅತ್ತಿಗೆ ಸೋಮವಾರ ಬಿಟ್ಟರು, ಗುರುವಾರ ಬಿಟ್ಟರು. ಶನಿವಾರ ಬಿಡೆನೆಂದರು. ಅವಲಕ್ಕಿ ತಿನ್ನಿ ಎಂದರೆ, ಒನಕೆಯಲ್ಲಿ ಕುಟ್ಟಿಬಿಟ್ಟರೆ ಅಕ್ಕಿಯ ಜಾತಿ ಬದಲಾಗುತ್ತದೆಯೇ ಎಂದು ನನ್ನನ್ನೇ ಕೇಳಿದರು. ಬರೀ ಬಾಳೆಹಣ್ಣಿನಲ್ಲಿ ಎರಡು ಶನಿವಾರ ಕಳೆದು, ಮೂರನೆಯದಕ್ಕೆ ಬಚ್ಚಲಲ್ಲಿ ಬಿದ್ದರು. ಆಮೇಲೆ ಇದ್ದಕ್ಕಿದ್ದಂತೆ ಶನಿವಾರಗಳಲ್ಲಿ ಗೆಲುವಾದರು. ತಿಮ್ಮಪ್ಪ ಕಣ್ಣು ಬಿಟ್ಟ ಎಂದು ನಾನು ಕೈ ಮುಗಿದೆ. ಕಣ್ಣು ಬಿಡಬೇಕಾಗಿದ್ದವಳು ನಾನು! ಹೂ ಬಿಡಿಸಲೆಂದು ಎಸ್ಟೇಟಿನ ಮೇಸ್ತ್ರಿಯ ಮನೆಗೆ ಹೋಗುತ್ತಿದ್ದವರು ಅಲ್ಲೇ ಉಪ್ಪಿಟ್ಟು ಮುಗಿಸಿ ಬರುತ್ತಿದ್ದರು. ಮೇಸ್ತ್ರಿಯ ಹೆಂಡತಿಯೇ, ಮೇಡಂ ನಮ್ಮನೇಲಿ ಫಲಾರ ಮಾಡಿದರೆ ನಮಗೂ ಒಂಚೂರು ಪುಣ್ಯ ಬರುತ್ತದಲ್ಲವಾ ಎಂದು ಹಿಗ್ಗಿನಿಂದ ನನಗೆ ಹೇಳಿದಳು.

ಆ ಶನಿವಾರ ನನ್ನ ತಾಳ್ಮೆ ಮುಗಿಯಿತು. ಅತ್ತಿಗೆ ಹೂವಿನ ಬುಟ್ಟಿ ಹಿಡಿದು ಒಳಗೆ ಬರುತ್ತಿದ್ದಂತೆ ಬಾಗಿಲಿಗೆ ಅಡ್ಡ ನಿಂತೆ. ಮದುವೆಯಾಗಿ ಬಂದ ಮೇಲೆ ಅವರಿಗೆ ಎದುರು ಮಾತನಾಡಿದ್ದು ಅದೇ ಮೊದಲು.

"ಜೀವ ಕಳ್ಕೊಂಡಾದ್ರೂ ಶನಿವಾರ ಮಾಡು ಅಂತ ತಿಮ್ಮಪ್ಪ ಕೇಳಿದ್ನಾ ಅತ್ತಿಗೆ?"

ಅತ್ತಿಗೆ ಬುಟ್ಟಿ ಕೆಳಗಿಟ್ಟರು. ಮಂಕಿ ಕ್ಯಾಪು ತೆಗೆದು ಕೈಯಲ್ಲಿ ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

"ಅದು ನನ್ ಜೀವದ್ದಲ್ಲ ಕಣೇ, ನಿಂದು" ಎಂದರು. "ಪಾಪು ಹುಟ್ಟಿದಾಗ ನಿಂಗೆ ರಕ್ತ ನಿಲ್ಲನೇ ಇಲ್ಲ. ನಂಗೇನ್ ತೋಚ್ತದೆ? ಆಸ್ಪತ್ರೆ ಬಾಗಿಲಾಗೆ ನಿಂತ್ಕಂಡು, ಇವಳು ಇರೋಗಂಟ ಶನಿವಾರ ಅನ್ನ ಮುಟ್ಟಲ್ಲ ಅಂದ್ಬುಟ್ಟೆ. ಈಗ ನಾನು ಬಿಟ್ಟು ನಿಂಗೇನಾರ ಆದ್ರೆ?"

ನನ್ನ ಮಗಳಿಗೆ ಆಗ ಹನ್ನೊಂದು ವರ್ಷ. ಈ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಶನಿವಾರಗಳಂದು ನಾನು ಗೊಣಗುತ್ತಾ ಲಟ್ಟಿಸಿದ ಒಂದೊಂದು ಚಪಾತಿಯೂ ನನ್ನ ಆಯಸ್ಸಿಗಾಗಿ ಅವರ ಕರುಳನ್ನು ಸವೆಸಿತ್ತು.

ಅವರ ಕೈ ಹಿಡಿದು ದೇವರ ಮುಂದೆ ಕೂರಿಸಿದೆ. ಅವರ ಅಂಗೈಯಿಂದ ನನ್ನ ಅಂಗೈಗೆ ಒಂದು ಉದ್ಧರಣೆ ನೀರು ಬಿಡಿಸಿಕೊಂಡು, ಇವತ್ತಿನಿಂದ ಈ ಶನಿವಾರ ನನ್ನದು ಎಂದೆ. ಹರಕೆಯನ್ನು ಹಾಗೆ ದಾಟಿಸಿಕೊಳ್ಳುವುದು ಶಾಸ್ತ್ರದಲ್ಲಿ ಉಂಟೋ ಇಲ್ಲವೋ ನಾನರಿಯೆ. ಕೇಳಲೂ ಹೋಗಲಿಲ್ಲ.

ನಾಲ್ಕೈದು ತಿಂಗಳ ಮೇಲೆ ಹಾಸನದ ಡಾಕ್ಟರು ಮೊದಲ ಸಲ ಮಾತ್ರೆ ಇಳಿಸಿದರು. ಥೈರಾಯ್ಡ್ ಹೋಗಿಲ್ಲ, ಮಾತ್ರೆ ಇದ್ದೇ ಇರುತ್ತದೆ, ಆದರೆ ಈಗ ನುಂಗಿದ್ದು ಮೈಗೆ ಸೇರುತ್ತಿದೆ ಎಂದರು. ನನಗೆ ಅಷ್ಟು ಕರುಣೆ ಧಾರಾಳವಾಯಿತು.

ಆದರೆ ಅದು ಆಮೇಲಿನ ಮಾತು. ಆ ಶನಿವಾರ ಮಧ್ಯಾಹ್ನ ಅತ್ತಿಗೆಯ ತಟ್ಟೆಗೆ ಬಿಸಿ ಅನ್ನ ಬಡಿಸಿ ಹುರುಳಿ ಸಾರು ಬಿಟ್ಟೆ. ಅವರು ಕಲಸಿದರು, ನನ್ನ ಮುಖ ನೋಡಿದರು, ಮತ್ತೆ ಕಲಸಿದರು. ಮೊದಲ ತುತ್ತು ಬಾಯಿಗಿಟ್ಟು ನುಂಗುವ ತನಕ ಅವರ ಎಡಗೈ ನನ್ನ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡೇ ಇತ್ತು. ನಾನು ಎಲ್ಲಿಗೂ ಹೋಗಲಿಲ್ಲ. ಅವರು ಉಂಡು ಏಳುವ ತನಕ ಅಲ್ಲೇ ಕೂತಿದ್ದು, ಆಮೇಲೆ ತಟ್ಟೆ ತೆಗೆದು, ಮಾರನೆಯ ದಿನದ ದೋಸೆಗೆ ಅಕ್ಕಿ ತೊಳೆಯಲು ಎದ್ದೆ.