ಜೀಪಿಗೆ ಕಟ್ಟಿದ ಮನೆ

ಹಲ್ಲಿನ ಡಾಕ್ಟರಿಗೆ ಇದ್ದದ್ದು ಒಂದೇ ಕೊರಗು. ಕ್ಲಿನಿಕ್ಕಿನಲ್ಲಿ ಅವರೆದುರು ಬಾಯಿ ತೆರೆದವರು ಯಾರೂ ಮಾತಾಡುವಂತಿರಲಿಲ್ಲ. ಮನೆಯಲ್ಲಿ ಬಾಯಿ ತೆರೆದವರು ಯಾರೂ ಮುಚ್ಚುವಂತಿರಲಿಲ್ಲ. ಅಲ್ಲಿ ಅವರು ಏನು ಹೇಳಿದರೂ ಜನ ‘ಆಂ... ಆಂ...’ ಎಂದು ಒಪ್ಪಿಕೊಳ್ಳುತ್ತಿದ್ದರು (ಬಾಯಿ ತುಂಬ ಹತ್ತಿ ತುರುಕಿಸಿಕೊಂಡವರು ಇನ್ನೇನು ಹೇಳಿಯಾರು?). ಮನೆಗೆ ಬಂದರೆ ಬಚ್ಚಲಮನೆಯ ದೀಪ ಆರಿಸದ ಅಪರಾಧಕ್ಕೆ ವಿಚಾರಣೆ. ಅವರ ಹೆಂಡತಿ ನರ್ಸರಿ ಶಾಲೆ ನಡೆಸುತ್ತಿದ್ದಳು. ಮಕ್ಕಳನ್ನು ಸಾಲಾಗಿ ನಿಲ್ಲಿಸುವ ಆ ಸ್ವರವನ್ನು ಶಾಲೆಯಲ್ಲೇ ಬಿಟ್ಟು ಬರುವ ಅಭ್ಯಾಸ ಆಕೆಗಿರಲಿಲ್ಲ.

ಈ ಅವಮಾನಕ್ಕೆ ಮದ್ದೆಂದು ಡಾಕ್ಟರು ಕೊಂಡದ್ದು ಒಂದು ಫೋರ್ ವೀಲ್ ಡ್ರೈವ್ ಜೀಪನ್ನು. ಎಂಥ ಜೀಪು! ಒಳಗೆ ಹತ್ತಬೇಕಾದರೆ ಒಂದು ಕಾಲೆತ್ತಿಟ್ಟು, ಬಾಗಿಲಿಗೆ ಜೋತುಬಿದ್ದು, ‘ಅಯ್ಯಪ್ಪಾ’ ಎಂದು ಒಮ್ಮೆ ನರಳಬೇಕು. ನಾಲ್ಕೂ ಚಕ್ರಕ್ಕೆ ಶಕ್ತಿ ಹರಿಸಿ ಬೆಟ್ಟ, ಮರಳು, ಕೆಸರು ಎಲ್ಲವನ್ನೂ ಗೆದ್ದು ಬರುತ್ತದೆಂದು ಮಾರಿದವನು ಹೇಳಿದ್ದ. ಇದುವರೆಗೆ ಅದು ಗೆದ್ದದ್ದು ಕ್ಲಿನಿಕ್ಕಿನ ಮುಂದಿದ್ದ ಹಂಪ್ ಒಂದನ್ನು ಮಾತ್ರ.

ಆದರೂ ಡಾಕ್ಟರು ಎಲ್ಲ ಅನಾಹುತಕ್ಕೂ ಸಿದ್ಧರಾಗಿದ್ದರು. ಹೆಚ್ಚುವರಿ ಚಕ್ರ ಎರಡು, ಗುದ್ದಲಿ, ಕಬ್ಬಿಣದ ಸರಪಳಿ, ಸಣ್ಣದೊಂದು ಜನರೇಟರು, ಜೊತೆಗೆ ಉಪಕರಣ ತುಂಬಿದ ಉಕ್ಕಿನ ಪೆಟ್ಟಿಗೆ. ಇಷ್ಟೆಲ್ಲ ಇಡಲು ಜೀಪಿನಲ್ಲಿ ಜಾಗವಿರಲಿಲ್ಲವಾದ್ದರಿಂದ ಅವು ಮನೆಯ ಹಾಲಿನಲ್ಲಿ, ಟಿವಿಯ ಕೆಳಗೆ ಕೂತಿದ್ದವು.

ಅಷ್ಟರಲ್ಲಿ ಭಾಮೈದ ಕ್ಯಾರವಾನ್ ತಂದ. ಆತನದು ಸೋಫಾ ಅಂಗಡಿ. ಎಲ್ಲಿಂದಲೋ ಹಳೆಯದೊಂದನ್ನು ಹಿಡಿದು, ಒಳಗೆಲ್ಲ ಮೆತ್ತೆ ಹೊಡೆದು, ಪರದೆ ಕಟ್ಟಿ, ಗಾಲಿಯ ಮೇಲಿನ ಪುಟ್ಟ ಮನೆಯನ್ನು ಸಜ್ಜುಗೊಳಿಸಿದ್ದ. ಮುಂದೊಂದು ಹಾಸಿಗೆ, ಹಿಂದೊಂದು ಹಾಸಿಗೆ, ನಡುವೆ ಒಲೆ. ಎಲ್ಲವೂ ಇತ್ತು, ಎಂಜಿನ್ ಒಂದನ್ನು ಬಿಟ್ಟು. ತಾನಾಗಿ ಒಂದು ಹೆಜ್ಜೆ ಹೋಗದು, ಬೇರೆಯವರು ಎಳೆಯಬೇಕು. (ಮಾಡಿದವನ ಗುಣವೇ ಬಂದಿದೆ ಎಂದು ಡಾಕ್ಟರು ಮನಸ್ಸಿನಲ್ಲೇ ಅಂದುಕೊಂಡರು.)

“ಭಾವ, ನಿಮ್ ಜೀಪು, ನನ್ ಮನೆ. ಎಲ್ರೂ ಸಮುದ್ರದ ಪಕ್ಕದ ಕ್ಯಾಂಪಿಗೆ ಹೋಗೋಣ,” ಎಂದ ಭಾಮೈದ.

“ನನ್ನನ್ನ ಬಿಟ್ಟು ಹೋಗೋ ಯೋಚನೆ ಇದ್ರೆ ಈಗ್ಲೇ ಹೇಳಿಬಿಡಿ, ಬೇಜಾರಿಲ್ಲ,” ಎಂದರು ಅತ್ತೆ, ಆಗಲೇ ಚೀಲಕ್ಕೆ ಸೀರೆ ತುಂಬುತ್ತ.

ಹೊರಡುವ ದಿನ ಸಾಮಾನು ತುಂಬಿದ್ದು ಹೆಂಡತಿ. ಅತ್ತೆ ತಮ್ಮ ಹೊಲಿಗೆ ಯಂತ್ರ ಬಿಟ್ಟು ಒಂದು ರಾತ್ರಿಯೂ ಕಳೆದವರಲ್ಲ. ಎರಕದ ಕಬ್ಬಿಣದ, ಕಾಲಲ್ಲಿ ತುಳಿಯುವ ಹಳೆಯ ಯಂತ್ರ. ಅದು ಮುಂದಿನ ಹಾಸಿಗೆಯ ಪಕ್ಕಕ್ಕೆ ಹೋಯಿತು. ಭಾಮೈದ ಅಂಗಡಿಯಿಂದ ತಂದ ಮಡಚುವ ಮರದ ಮಂಚವೂ ಅಲ್ಲಿಗೇ. ಪಾತ್ರೆ, ದಿನಸಿ ತುಂಬಿದ ದೊಡ್ಡ ಟ್ರಂಕು ಕೂಡ ಮುಂದಕ್ಕೆ. ಶಾಲೆಯ ವ್ಯಾನಿನಲ್ಲಿ ದಪ್ಪ ಮಕ್ಕಳನ್ನು ಮುಂದೆ ಕೂರಿಸಿ ಆಕೆಗೆ ರೂಢಿ.

ಡಾಕ್ಟರು ಆ ಗೊಡವೆಗೆ ಹೋಗಲಿಲ್ಲ. ಟಿವಿಯ ಕೆಳಗಿನ ತಮ್ಮ ಸೈನ್ಯವನ್ನು ಒಂದೊಂದಾಗಿ ಹೊತ್ತು ತಂದು, ಕ್ಯಾರವಾನಿನ ಹಿಂಬದಿಗೆ, ಬಂಪರಿನ ಮೇಲೆ ಬೋಲ್ಟು ಹಾಕಿ ಬಿಗಿದರು. ಚಕ್ರಗಳೆರಡು ಎಡಬಲಕ್ಕೆ, ನಡುವೆ ಉಕ್ಕಿನ ಪೆಟ್ಟಿಗೆ, ಮೇಲೆ ಜನರೇಟರು. ಯಾರೂ ಕದಿಯಬಾರದೆಂದು ಸ್ಪ್ಯಾನರಿಗೆ ಪೈಪು ತೂರಿಸಿ, ಪೈಪಿನ ಮೇಲೆ ತಾವೇ ಹತ್ತಿ ನಿಂತು ಬಿಗಿ ಮಾಡಿದರು. ಕೆಲಸ ಮುಗಿದ ಮೇಲೆ ಸ್ಪ್ಯಾನರನ್ನು ಅದೇ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದರು. ದೂರ ನಿಂತು ನೋಡಿದಾಗ ಅವರಿಗೇ ಮೈ ಜುಮ್ಮೆಂದಿತು. ಹಿಂದಿನಿಂದ ನೋಡಿದರೆ ಯುದ್ಧಕ್ಕೆ ಹೊರಟಂತಿತ್ತು.

“ರೀ, ಅಷ್ಟೊಂದು ಹಿಂದೆ ನೇತುಹಾಕಿದ್ರೆ ಆಗುತ್ತಾ?” ಎಂದಳು ಹೆಂಡತಿ.

“ಇದು ಫೋರ್ ವೀಲ್ ಡ್ರೈವ್,” ಎಂದರು ಡಾಕ್ಟರು. ಆ ದಿನಗಳಲ್ಲಿ ಅವರು ಎಲ್ಲ ಪ್ರಶ್ನೆಗೂ ಕೊಡುತ್ತಿದ್ದ ಉತ್ತರ ಅದು.

ಊರು ದಾಟುವವರೆಗೆ ಎಲ್ಲವೂ ಸುಗಮವಾಗಿತ್ತು. ಹೆದ್ದಾರಿ ಹತ್ತಿ ವೇಗ ಏರಿಸಿದ ಮೇಲೆ ಡಾಕ್ಟರಿಗೆ ಬೆನ್ನ ಹಿಂದೆ ಏನೋ ಮೃದುವಾಗಿ ಜಗ್ಗಿದಂತೆ ಅನಿಸಿತು. ಕನ್ನಡಿ ನೋಡಿದರು. ಕ್ಯಾರವಾನ್ ಸೊಂಟ ಬಳುಕಿಸುತ್ತಿತ್ತು. ಎಡಕ್ಕೊಮ್ಮೆ, ಬಲಕ್ಕೊಮ್ಮೆ, ನಾಚುತ್ತ ನಾಚುತ್ತ. ಅಷ್ಟರಲ್ಲಿ ಪಕ್ಕದಲ್ಲೊಂದು ಬಸ್ಸು ಗಾಳಿ ಎಬ್ಬಿಸಿಕೊಂಡು ಹಾದುಹೋಯಿತು. ನಾಚಿಕೆಯೆಲ್ಲ ಬಿಟ್ಟ ಕ್ಯಾರವಾನ್ ರಸ್ತೆಯ ಅಗಲಕ್ಕೆ ಕುಣಿಯತೊಡಗಿತು. ಅದು ಬಲಕ್ಕೆ ಎಳೆದರೆ ಡಾಕ್ಟರು ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರು. ಅವರು ಎಡಕ್ಕೆ ತಿರುಗಿಸುವಷ್ಟರಲ್ಲಿ ಅದೂ ಎಡಕ್ಕೇ ಬಂದಿತ್ತು. ಹೀಗೆ ಇಬ್ಬರೂ ಒಬ್ಬರಿಗೊಬ್ಬರು ದಾರಿ ಬಿಡಲು ಹೋಗಿ ಡಿಕ್ಕಿ ಹೊಡೆಯುವ ಓಣಿಯ ಜನರಂತೆ ಒದ್ದಾಡಿದರು. ಜೀಪಿನ ಒಳಗೆ ಅತ್ತೆ ಭಾಮೈದನ ಮಡಿಲಿಗೆ, ಭಾಮೈದ ಬಾಗಿಲಿಗೆ.

“ಆಕ್ಸಿಲರೇಟರಿನಿಂದ ಕಾಲು ತೆಗೀರಿ!” ಎಂದು ಹೆಂಡತಿ ಕೂಗಿದಳು.

ಕಾಲು ತೆಗೆದರು. ವೇಗ ಇಳಿಯಿತು, ಕುಣಿತವೂ ಇಳಿಯಿತು. ಡಾಕ್ಟರು ಜೀಪನ್ನು ಪಕ್ಕಕ್ಕೆ ನಿಲ್ಲಿಸಿ ಬೆವರೊರೆಸಿಕೊಂಡರು.

“ಭಾವ, ನಿಮ್ ಜೀಪಿಗೆ ಎತ್ತರ ಜಾಸ್ತಿ. ಕೆಳಗಿರೋ ಸ್ಪ್ರಿಂಗು ಮೆತ್ತಗೆ. ತೂಗಾಡೋದು ಅದೇ,” ಎಂದ ಭಾಮೈದ.

“ಸೋಫಾ ಮಾಡೋನು ಸ್ಪ್ರಿಂಗಿನ ಬಗ್ಗೆ ಹೇಳ್ಬೇಡ. ನಿಮ್ಮನೆ ಸೋಫಾದಿಂದ ಎದ್ದು ಬರೋಕೆ ನಂಗೆ ಇಬ್ರು ಕೈ ಕೊಡ್ಬೇಕು. ತೂಗಾಡಿದ್ದು ನಿನ್ ಮನೆ!”

“ನಮ್ಮನೆ ಯಾವತ್ತೂ ತೂಗಾಡಿಲ್ಲ. ನಿಮ್ ಜೊತೆ ಸಂಬಂಧ ಮಾಡಿದ್ಮೇಲೇ ಈ ಥರ.”

ಮಾತು ಕ್ಯಾರವಾನಿನಿಂದ ಮದುವೆಗೆ ಹೊರಳಿದ್ದನ್ನು ಕಂಡು ಹೆಂಡತಿ ಇಬ್ಬರನ್ನೂ ಗದರಿದಳು. ಡಾಕ್ಟರು ತಮ್ಮ ವೃತ್ತಿಯ ಗಾಂಭೀರ್ಯ ತಂದುಕೊಂಡರು.

“ನೋಡು, ಅಲ್ಲಾಡೋದು ಅಂದ್ರೆ ರೋಗ. ಹಲ್ಲಾಗ್ಲಿ, ಮನೆಯಾಗ್ಲಿ, ಅದಕ್ಕೆ ಚಿಕಿತ್ಸೆ ಒಂದೇ. ಕೀಳೋದು. ಒಳಗೆ ಭಾರ ಜಾಸ್ತಿಯಾಗಿದೆ. ಆ ಹೊಲಿಗೆ ಯಂತ್ರ ಇಳಿಸ್ಬೇಕು.”

ಅತ್ತೆ ಅಳಿಯನ ಮುಖ ನೋಡಲಿಲ್ಲ, ಮಗಳ ಮುಖ ನೋಡಿದರು. “ಅಳಿಯಂದಿರು ಹೇಳಿದ್ಮೇಲೆ ಆಯ್ತು. ನಾನೂ ಇಳೀಬೇಕಾ, ಯಂತ್ರ ಒಂದೇ ಸಾಕಾ ಕೇಳು.”

ಹತ್ತಿರದಲ್ಲೇ ಪಂಕ್ಚರ್ ಅಂಗಡಿಯೊಂದಿತ್ತು. ವಾಪಸಾಗುವಾಗ ಒಯ್ಯುತ್ತೇವೆಂದು ಹೇಳಿ ಯಂತ್ರವನ್ನು ಅಲ್ಲಿಳಿಸಿದರು. ಜೀಪು ಹೊರಟಿತು. ಈ ಸಲ ಅಷ್ಟು ವೇಗ ಏರುವ ಮೊದಲೇ ಕುಣಿತ ಶುರುವಾಯಿತು.

“ಈಗ ಜಾಸ್ತಿ ಆಯ್ತಲ್ರೀ?” ಎಂದಳು ಹೆಂಡತಿ.

“ಹಲ್ಲು ಕಿತ್ತ ಕೂಡ್ಲೇ ನೋವು ಸ್ವಲ್ಪ ಜಾಸ್ತಿನೇ ಇರುತ್ತೆ. ಆಮೇಲೆ ಸರಿಹೋಗುತ್ತೆ,” ಎಂದರು ಡಾಕ್ಟರು. ಸರಿಹೋಗಲಿಲ್ಲ. ಹಾಗಾಗಿ ಮುಂದಿನ ಪೆಟ್ರೋಲ್ ಬಂಕಿನಲ್ಲಿ ಮಂಚ ಇಳಿಯಿತು. ಭಾಮೈದ ಅದನ್ನು ಬಂಕಿನ ಗೋಡೆಗೆ ಒರಗಿಸಿ, ಮಗುವನ್ನು ಹಾಸ್ಟೆಲಿಗೆ ಬಿಟ್ಟುಬರುವವನ ಹಾಗೆ ಮೂರು ಸಲ ತಿರುಗಿ ನೋಡಿದ.

ಮಂಚ ಹೋದ ಮೇಲೆ ಕ್ಯಾರವಾನಿಗೆ ಹುಚ್ಚೇ ಹಿಡಿಯಿತು. ಎದುರಿಗೆ ಸೈಕಲ್ ಬಂದರೂ ನಡುಗುತ್ತಿತ್ತು. ಡಾಕ್ಟರು ಗೇರಿನ ಪಕ್ಕದ ಲಿವರ್ ಎಳೆದು ನಾಲ್ಕೂ ಚಕ್ರಕ್ಕೆ ಶಕ್ತಿ ಕೊಟ್ಟರು. ಜೀಪು ಗುರ್ರೆಂದಿತೇ ಹೊರತು ಹಿಂದಿನದು ಕೇರೇ ಮಾಡಲಿಲ್ಲ. ಕೊನೆಗೆ ದಾರಿಬದಿಯ ಹೋಟೆಲಿನವನ ಸುಪರ್ದಿಗೆ ಪಾತ್ರೆ-ದಿನಸಿಯ ಟ್ರಂಕೂ ಹೋಯಿತು. ಈಗ ಮುಂಭಾಗದಲ್ಲಿ ಉಳಿದದ್ದು ಭಾಮೈದನ ಮೆತ್ತೆ ಮಾತ್ರ. ಡಾಕ್ಟರು ಇನ್ನೇನು ಕೀಳಲಿ ಎಂದು ಸುತ್ತ ನೋಡಿದರು. ಅವರ ದೃಷ್ಟಿ ಒಂದು ಕ್ಷಣ ಅತ್ತೆಯ ಮೇಲೆ ನಿಂತದ್ದನ್ನು ಅತ್ತೆ ಗಮನಿಸಿದರು. ಎಲ್ಲರಿಗಿಂತ ಮೊದಲು ಹೋಗಿ ಜೀಪು ಹತ್ತಿ ಕೂತರು.

ಸ್ವಲ್ಪ ದೂರ ಹೋದ ಮೇಲೆ ಇಳಿಜಾರು ಬಂತು. ಮುಂದೆ ಖಾಲಿ ರಸ್ತೆ, ತುದಿಯಲ್ಲಿ ಸಮುದ್ರದ ನೀಲಿ ಗೆರೆ. ಇಷ್ಟು ಹೊತ್ತು ಮರ್ಯಾದೆ ಕಳೆದುಕೊಂಡಿದ್ದ ಡಾಕ್ಟರಿಗೆ ಅದನ್ನು ನೋಡಿ ಉತ್ಸಾಹ ಉಕ್ಕಿತು.

“ನಿಧಾನ,” ಎಂದಳು ಹೆಂಡತಿ.

“ನಿಧಾನಕ್ಕೆ ಹೋಗೋಕೆ ಇದನ್ಯಾಕೆ ತಗೋಬೇಕಿತ್ತು?” ಎಂದು ಡಾಕ್ಟರು ಕಾಲೊತ್ತಿದರು.

ಮುಂದಿನದು ಅರೆಗಳಿಗೆಯ ಆಟ. ಹಿಂದಿನ ಮನೆ ಒಮ್ಮೆ ಬೀಸಿತು, ಇನ್ನೊಮ್ಮೆ ಬೀಸಿತು. ಗಾಬರಿಯಾದ ಡಾಕ್ಟರು ಎಲ್ಲ ಬಿಟ್ಟು ಬ್ರೇಕು ತುಳಿದರು. ನಿಲ್ಲಲೊಪ್ಪದ ಮನೆ ಜೀಪನ್ನು ಹಿಂದಿನಿಂದ ನೂಕಿ, ಹೆಗಲು ಹಿಡಿದು ತಿರುಗಿಸಿದಂತೆ ತಿರುಗಿಸಿಬಿಟ್ಟಿತು. ಆಕಾಶ, ಪೊದೆ, ಸಮುದ್ರ, ಮತ್ತೆ ಪೊದೆ. ಧೂಳು ಇಳಿದಾಗ ಜೀಪು ರಸ್ತೆ ಪಕ್ಕದ ಹುಲ್ಲಿನಲ್ಲಿ, ಬಂದ ದಾರಿಗೇ ಮುಖ ಮಾಡಿ ನಿಂತಿತ್ತು. ಕ್ಯಾರವಾನ್ ಪಕ್ಕದಲ್ಲಿ ಬಂದು ಕಿಟಕಿಯಿಂದ ಒಳಗೆ ಇಣುಕುತ್ತಿತ್ತು.

ಯಾರಿಗೂ ಒಂದು ಗೀರೂ ಆಗಿರಲಿಲ್ಲ. ಡಾಕ್ಟರ ಕೈ ಮಾತ್ರ ಸ್ಟಿಯರಿಂಗ್ ಬಿಡಲು ಒಪ್ಪಲಿಲ್ಲ. ಹೆಂಡತಿ ಒಂದೊಂದೇ ಬೆರಳು ಬಿಡಿಸಿದಳು. ಬಿಡಿಸುತ್ತ ಬೆರಳೆಣಿಸುತ್ತಿದ್ದ ಆಕೆಗೆ ನಾಲ್ಕರ ನಂತರ ಲೆಕ್ಕ ತಪ್ಪಿತು. ಅದು ಅವರಿಗೆ ಆಕ್ಸಿಡೆಂಟಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. ಆಕೆ ಲೆಕ್ಕ ತಪ್ಪಿದ್ದನ್ನು ಅವರು ಅದುವರೆಗೆ ನೋಡಿರಲಿಲ್ಲ.

ಆಕೆ ಕೆಳಗಿಳಿದು ಕ್ಯಾರವಾನಿನ ಸುತ್ತ ಒಂದು ಸುತ್ತು ಬಂದಳು. ಆಮೇಲೆ ಜೀಪಿಗೆ ಕಟ್ಟಿದ್ದ ಕೊಂಡಿಯನ್ನು ಬಗ್ಗಿ ಬಿಚ್ಚಿ, ಕ್ಯಾರವಾನಿನ ಮುಂಭಾಗವನ್ನು ಒಂದೇ ಕೈಯಿಂದ ಮೇಲೆತ್ತಿ ನೋಡಿದಳು. ಮೂತಿ ಹಗುರವಾಗಿ ಮೇಲೆದ್ದು, ಹಿಂಭಾಗ ನೆಲಕ್ಕೆ ಕುಸಿಯಿತು.

“ಅಮ್ಮನ ಯಂತ್ರ ಎಲ್ಲಿತ್ತು?” ಎಂದು ಕೇಳಿದಳು.

“ಮುಂದೆ,” ಎಂದರು ಡಾಕ್ಟರು.

“ಮಂಚ?”

“ಮುಂದೆ.”

“ನನ್ ಟ್ರಂಕು?”

ಡಾಕ್ಟರು ಬಗ್ಗಿ ಚಕ್ರಕ್ಕೆ ಸಿಕ್ಕಿದ ಹುಲ್ಲು ಕೀಳತೊಡಗಿದರು.

“ಒಂದೊಂದು ಇಳಿಸ್ದಾಗ್ಲೂ ಜಾಸ್ತಿ ಆಗ್ತಾ ಬಂತು. ಅಂದ್ರೆ ಅದನ್ನ ನೆಲಕ್ಕೆ ಒತ್ತಿ ಹಿಡಿದಿದ್ದೇ ಆ ಸಾಮಾನು. ಮುಂದಿನ ಭಾರ ಎಲ್ಲಾ ಇಳಿಸಿ, ಹಿಂದೆ ನಿಮ್ ಗುಜರಿ ಅಂಗಡಿ ಇಟ್ಕೊಂಡು ಬಂದ್ರಿ. ಬಾಲ ಭಾರವಾದ್ರೆ ಬೀಸದೆ ಇನ್ನೇನ್ ಮಾಡುತ್ತೆ? ಬಿಚ್ಚಿ ಅದನ್ನೆಲ್ಲ. ಮುಂದಕ್ಕೆ ಹಾಕೋಣ.”

ಆಗ ಡಾಕ್ಟರು ತುಂಬ ಮೆಲ್ಲಗೆ, ಸ್ಪ್ಯಾನರ್ ಪೆಟ್ಟಿಗೆಯೊಳಗಿದೆ ಎಂದರು.

“ತೆಗೀರಿ.”

“ಬೀಗ ಹಾಕಿದೆ.”

“ಬೀಗದ ಕೈ?”

“ಭದ್ರವಾಗಿದೆ,” ಎಂದರು ಡಾಕ್ಟರು. “ಮನೇಲಿ.”

ಭಾಮೈದ ರಸ್ತೆಯ ಆಚೆಗೆ ಹೋಗಿ, ಸಮುದ್ರಕ್ಕೆ ಮುಖ ಮಾಡಿ, ಹೆಗಲು ಕುಣಿಯುವಂತೆ ನಕ್ಕು ಬಂದ. ಬಂದವನು ಬೋಲ್ಟುಗಳನ್ನು ಕೈಯಲ್ಲಿ, ಕಲ್ಲಿನಲ್ಲಿ, ಕೊನೆಗೆ ಬೈಗುಳದಲ್ಲಿ ಪ್ರಯತ್ನಿಸಿದ. ಡಾಕ್ಟರು ಪೈಪಿನ ಮೇಲೆ ನಿಂತು ಬಿಗಿದಿದ್ದ ಬೋಲ್ಟುಗಳು! ಜೀವಮಾನದಲ್ಲಿ ಅವರು ಮಾಡಿದ ಗಟ್ಟಿ ಕೆಲಸ ಅದೊಂದೇ.

“ಹಿಂದಿನದು ಬರಲ್ಲ ಅಂದ್ರೆ ಮುಂದಕ್ಕೆ ಏನಾದ್ರೂ ಹಾಕ್ಬೇಕು,” ಎಂದಳು ಹೆಂಡತಿ. “ಕ್ಯಾಂಪು ಅಲ್ಲೇ ಕಾಣ್ತಿದೆ. ನಡೆಯೋ ವೇಗದಲ್ಲಿ ಹೋದ್ರಾಯ್ತು. ಆದ್ರೂ ಸ್ವಲ್ಪ ಭಾರ ಬೇಕು.”

ಸುತ್ತ ದೊಡ್ಡ ಕಲ್ಲಿರಲಿಲ್ಲ, ಇದ್ದದ್ದು ಮರಳು, ತುಂಬಲು ಅತ್ತೆಯ ಸೀರೆಯ ಚೀಲ ಬಿಟ್ಟರೆ ಬೇರೆ ಇಲ್ಲ, ಅದನ್ನು ಕೇಳುವ ಧೈರ್ಯ ಯಾರಿಗೂ ಇಲ್ಲ. ಮೂವರೂ ಯೋಚಿಸುತ್ತ ನಿಂತರು. ಮೂವರ ಕಣ್ಣೂ ನಿಧಾನವಾಗಿ, ಒಂದೇ ಕಡೆಗೆ, ಡಾಕ್ಟರ ಹೊಟ್ಟೆಯ ಕಡೆಗೆ ಹೊರಳಿದವು.

“ನಾನು ಜೀಪ್ ಓಡಿಸ್ಬೇಕಲ್ಲ!” ಎಂದರು ಡಾಕ್ಟರು.

“ನೀವು ಓಡ್ಸಿದ್ದನ್ನ ನೋಡಿದ್ವಲ್ಲ ಅಳಿಯಂದಿರೇ,” ಎಂದರು ಅತ್ತೆ. “ಮಗಳೇ, ಜೀಪಿನ ಕೀ ಇಸ್ಕೋ.”

ಹೀಗೆ ಜೀಪನ್ನೂ ಮನೆಯನ್ನೂ ಸಮುದ್ರದ ಕಡೆಗೆ ತಿರುಗಿಸಿ ಮತ್ತೆ ಕೊಂಡಿ ಹಾಕಿದ ಮೇಲೆ, ಡಾಕ್ಟರು ಕ್ಯಾರವಾನಿನ ಮುಂದಿನ ಹಾಸಿಗೆಯ ಮೇಲೆ, ಮೂತಿಗೆ ಅಂಟಿಕೊಂಡು, ಹೆಂಡತಿ ಹೇಳಿದಂತೆ ಎರಡೂ ಕೈ ಮಡಿಲಲ್ಲಿಟ್ಟು ಕೂತರು. ಅಲುಗಾಡಕೂಡದೆಂದು ಅಪ್ಪಣೆಯಾಗಿತ್ತು. ಭಾಮೈದ ಹೊರಗಿನಿಂದ ಬಾಗಿಲಿನ ಚಿಲಕ ಹಾಕಿದ. ಮುಂದಿನ ಕಿಟಕಿಯಿಂದ ಅವರಿಗೆ ತಮ್ಮ ಜೀಪಿನ ಬೆನ್ನು, ಅದರೊಳಗೆ ಮೂರು ತಲೆಗಳು ಹಾಯಾಗಿ ಮಾತಾಡುತ್ತ ಹೋಗುವುದು ಕಾಣುತ್ತಿತ್ತು. ಹೆಂಡತಿ ಗೇರು ಹಾಕಿದಳು. ಮನೆ ಮುಂದಕ್ಕೆ ಸರಿಯಿತು. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ, ಶಾಲೆಗೆ ಹೊರಟ ಜಾಣ ಮಗುವಿನಂತೆ ಗೆರೆ ಹಿಡಿದು ನಡೆಯಿತು. ನೆಟ್ಟಗೆ ಹೋಗುತ್ತಿದೆಯೆಂದು ಸಂತೋಷಪಡಬೇಕೋ, ನೆಟ್ಟಗೆ ಹೋಗುತ್ತಿದೆಯಲ್ಲಾ ಎಂದು ಅಳಬೇಕೋ ಡಾಕ್ಟರಿಗೆ ತಿಳಿಯಲಿಲ್ಲ.

ಕ್ಯಾಂಪಿನ ಗೇಟಿನಲ್ಲಿ ಕಾವಲುಗಾರ ಕೈ ಅಡ್ಡ ಹಿಡಿದ.

“ಎಷ್ಟು ಜನ ಅಮ್ಮ?”

“ಮೂರು,” ಎಂದಳು ಹೆಂಡತಿ.

ಕಾವಲುಗಾರ ಬಗ್ಗಿ ಹಿಂದಕ್ಕೆ ನೋಡಿದ. ಕ್ಯಾರವಾನಿನ ಕಿಟಕಿಯಲ್ಲಿ, ಪರದೆಗಳ ನಡುವೆ, ಒಂದು ದುಂಡು ಮುಖ ಗಾಜಿಗೆ ಮೂಗು ಒತ್ತಿಕೊಂಡು ಏನೋ ಕೂಗುತ್ತಿತ್ತು.

“ಮತ್ತೆ ಅದು?”

“ಅದಾ?” ಎಂದರು ಅತ್ತೆ. “ಅದು ತೂಕಕ್ಕೆ ಹಾಕಿರೋದು.”

ಕಾವಲುಗಾರ ತಿಳಿದವನಂತೆ ತಲೆಯಾಡಿಸಿ ಗೇಟು ತೆರೆದ. “ಇಲ್ಲೇ ಇಳಿಸ್ಕೊಡ್ಲಾ?”

ಹೆಂಡತಿ ಕನ್ನಡಿಯಲ್ಲಿ ಒಮ್ಮೆ ಹಿಂದಕ್ಕೆ ನೋಡಿದಳು.

“ಬೇಡ ಬಿಡಿ,” ಎಂದಳು. “ಅಲ್ಲೇ ಇರ್ಲಿ. ವಾಪಸ್ ಹೋಗುವಾಗ್ಲೂ ಬೇಕಾಗುತ್ತೆ.”