ಆನಿ ನೋಡಾಕ ಹೋಗಿದ್ವಿ

“ಸೈಕಲ್ ಮ್ಯಾಲೆ ಹೊಂಟ ಹೆಂಗಸಿಗೆ ಹಾದಿ ತುಂಬಾ ತವರುಮನಿ, ವೈನಿ” ಎಂದು ನನಗೆ ಮೊದಲು ಹೇಳಿದವರು ಶಮೀಮಕ್ಕ. ಚಿಕ್ಕೋಡಿಯಲ್ಲಿ ನನ್ನ ಔಷಧಿ ಅಂಗಡಿಗೂ ಅವರ ಟೇಲರಿಂಗ್ ಅಂಗಡಿಗೂ ನಡುವೆ ಒಂದೇ ಗೋಡೆ. ಆಗ ಅದನ್ನು ಒಳ್ಳೆಯ ಮಾತು ಎಂದುಕೊಂಡಿದ್ದೆ. ಆಮೇಲೆ ತಿಳಿಯಿತು. ತವರುಮನೆಯವರು ಅಂದರೆ ಎಲ್ಲಿಗೆ ಹೊಂಟಿ, ಯಾಕ ಹೊಂಟಿ, ಗಂಡ ಎಲ್ಲಿ, ಉಂಡಿಯೋ ಇಲ್ಲೋ ಎಂದು ಕೇಳುವವರು. ಕೇಳಿ, ನಾವು ಕೊಟ್ಟ ಯಾವ ಉತ್ತರವನ್ನೂ ನಂಬದವರು.

ಸೈಕಲ್ ಮೊದಲು ತಂದವಳು ನಾನು. ರಕ್ತದಲ್ಲಿ ಸಕ್ಕರೆ ಅಂಚಿಗೆ ಬಂದಿದೆ, ನಡೆಯಿರಿ ಎಂದರು ಡಾಕ್ಟರು. ಮೈದಾನ ಸುತ್ತುವುದು ಬೇಸರವಾಗಿ ದಪ್ಪ ಟೈರಿನ, ಗೇರಿನ ಸೈಕಲ್ ಕೊಂಡೆ. ಕಲ್ಲು ಮಣ್ಣು ಕೆಸರು ಏನಿದ್ದರೂ ಹತ್ತುವಂಥದ್ದು. ಐವತ್ತು ದಾಟಿದ ಶಮೀಮಕ್ಕ ನಾಲ್ಕು ದಿನ ಅದನ್ನೇ ನೋಡಿದರು. ಐದನೆಯ ದಿನ “ಒಂದ ರೌಂಡ್ ಕೊಡ್ರಿ” ಎಂದು ತೆಗೆದುಕೊಂಡು ಹೋದವರು ಮಧ್ಯಾಹ್ನಕ್ಕೆ ಬಂದರು. ತಿಂಗಳಾಗುವುದರಲ್ಲಿ ಅವರದ್ದೂ ಒಂದು ಬಂತು. ಅಲ್ಲಿಂದ ಭಾನುವಾರ ಅಂದರೆ ಕಬ್ಬಿನ ಹೊಲಗಳ ನಡುವಿನ ಗಾಡಿ ಜಾಡು ಹಿಡಿದು ಹಳೆಯ ಕಲ್ಲು, ಹಳೆಯ ಬಾವಿ, ಬಿದ್ದ ವಾಡೆಮನೆ ನೋಡುವುದೇ ನಮ್ಮ ಕೆಲಸ.

ಒಂದೇ ಷರತ್ತು. ಶಿರಗುಪ್ಪಿ ಕಡೆ ಹೋಗುವಂತಿಲ್ಲ. ಶಮೀಮಕ್ಕನ ಮಗಳಿಗೆ ಅಲ್ಲಿಯ ಹುಡುಗನ ಮಾತು ನಡೆದಿತ್ತು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಒಪ್ಪಿ, ಫೋನಿನಲ್ಲಿ ಮಾತಾಡಿ ಮಾತಾಡಿ, ಈಗ ಜಗಳ ಕೂಡ ಆಡುತ್ತಿದ್ದರು. ಬಾಕಿ ಇದ್ದದ್ದು ಹುಡುಗನ ತಾಯಿಯ “ಹೂಂ” ಒಂದೇ. ಹುಡುಗಿಯನ್ನು ನೋಡಲು ಒಮ್ಮೆ ಬಂದು ಹೋಗಿದ್ದ ಆಕೆ ಬಲು ಖಡಕ್ ಎಂದು ಕೇಳಿದ್ದೆವು.

“ಬೀಗತಿ ಆಗಾಕಿ ಪ್ಯಾಂಟ್ ಹಾಕ್ಕೊಂಡು ಸೈಕಲ್ ತುಳೀತಾಳ ಅಂತ ಗೊತ್ತಾದ್ರ ನನ್ನ ಮಗಳ ಗತಿ ಏನ್ರಿ?” ಎನ್ನುವರು ಶಮೀಮಕ್ಕ.

ಸಂಕಟವೆಂದರೆ, ಅವರು ಎಲ್ಲಕ್ಕಿಂತ ಹೆಚ್ಚು ನೋಡಬೇಕೆಂದಿದ್ದದ್ದು ಅದೇ ದಾರಿಯಲ್ಲಿ. ಶಿರಗುಪ್ಪಿ ದಾಟಿ, ಜುಗೂಳದಲ್ಲಿ ದೋಣಿ ಹತ್ತಿ ಕೃಷ್ಣೆಯ ಆಚೆ ದಂಡೆಗೆ ಹೋದರೆ ಖಿದ್ರಾಪುರದ ಹಳೆಯ ಕಲ್ಲುಗುಡಿ. ಬುಡದ ಸುತ್ತ ಕಲ್ಲಿನ ಆನೆಗಳು ಗುಡಿಯನ್ನು ಬೆನ್ನ ಮೇಲೆ ಹೊತ್ತು ನಿಂತಿವೆ. ಸಂತೆ ಸಂತೆಗೆ ಬಟ್ಟೆ ಮಾರುತ್ತಿದ್ದ ಅವರ ಅಬ್ಬಾ ಚಿಕ್ಕಂದಿನಲ್ಲಿ ಮಗಳನ್ನು ಸೈಕಲ್ಲಿನ ದಂಡಿಗೆಯ ಮೇಲೆ ಕೂರಿಸಿಕೊಂಡು ಹೋಗಿ ತೋರಿಸಿದ್ದರಂತೆ. ಸೊಂಡಿಲು ಮುರಿದ ಒಂದು ಆನೆಯ ಮುಂದೆ ಈಕೆ ಪುಟಾಣಿ ಕಡಲೆ ಇಟ್ಟು, ಅದು ತಿನ್ನಲಿಲ್ಲವೆಂದು ಅತ್ತಿದ್ದರಂತೆ. ಅಬ್ಬಾ ಹೋಗಿ ಬಹಳ ಕಾಲವಾಯಿತು. ಆನೆಗಳು ಹಾಗೇ ಇದ್ದವು, ನಡುವೆ ಬೀಗರ ಊರು.

ಗಾಡಿ ಕೆಟ್ಟೈತೇನ್ರಿ?

ಅಕ್ಕೋಳದ ಕಡೆ ಹೊಲವೊಂದರಲ್ಲಿ ವೀರಗಲ್ಲು ಇದೆ ಎಂದು ಯಾರೋ ಹೇಳಿದ್ದರು. ಬೆಳಗಿನಿಂದ ತುಳಿದು, ಏರು ಹತ್ತಿ, ನಾಲಿಗೆ ಹೊರಗೆ ಬಂದಿತ್ತು. ಎದುರಿಗೆ ಖಾಲಿ ಟ್ರ್ಯಾಕ್ಟರ್ ಬಂದು ನಿಂತಿತು.

“ಯಾಕ್ರಿ ಅಕ್ಕಾರ, ಸ್ಕೂಟಿ ಕೆಟ್ಟೈತೇನ್ರಿ?”

“ಇಲ್ರಿ ಅಣ್ಣಾರ, ಸುಮ್ನ ಹೊಂಟೀವಿ.”

“ಸುಮ್ನ?” ಡ್ರೈವರ್ ನಮ್ಮ ಬೆವರು ನೋಡಿದ. “ಸುಮ್ನ ಯಾರರ ಹಿಂಗ ತೇಕತಾರೇನ್ರಿ? ನಾಚಿಗೋಬ್ಯಾಡ್ರಿ. ಎಲ್ಲಿ ಮನಿ?”

“ಚಿಕ್ಕೋಡಿ” ಎಂದು ಬಾಯಿ ತಪ್ಪಿ ಅಂದೆ. ಅಷ್ಟೇ. ಇಳಿದು ಬಂದವನೇ ಎರಡೂ ಸೈಕಲ್ ಎತ್ತಿ ಟ್ರೇಲರಿಗೆ ಹಾಕಿದ. ಬೇಡವೆಂದರೆ ಕೇಳಲಿಲ್ಲ. “ಹೆಣ್ಮಕ್ಕಳನ್ನ ಬಿಸಲಾಗ ಬಿಟ್ಟು ಬಂದೆ ಅಂದ್ರ ನಮ್ಮವ್ವ ನನಗ ರೊಟ್ಟಿ ಹಾಕೂದಿಲ್ರಿ. ಹತ್ರಿ ಹತ್ರಿ.”

ವೀರಗಲ್ಲು ಅಲ್ಲೇ, ಮುಂದಿನ ಹೊಲದಲ್ಲಿತ್ತಂತೆ. ನಾವು ಬೆಳಗಿನಿಂದ ಹತ್ತಿದ್ದ ಏರನ್ನೆಲ್ಲ ಕಬ್ಬಿನ ಸೋಗೆಯ ಮೇಲೆ ಕುಳಿತು ಇಳಿದೆವು. ಅಂಗಡಿಯ ಮುಂದೆ ಇಳಿಸಿ, ಹೋಗುವಾಗ ನನಗೆ ಬುದ್ಧಿಯನ್ನೂ ಹೇಳಿದ. “ಮುಂದಿನ ಸಲ ಎಲ್ಲರ ಹೋಗೂದಿದ್ರ ಮೊದ್ಲ ಫೋನ್ ಮಾಡ್ರಿ. ಕರಕೊಂಡು ಹೋಗೂದೂ ನಾನ ಮಾಡ್ತೀನಿ.”

ಬಾವಿ ಇಣುಕಿದರೆ

ರಾಯಬಾಗದ ಕಡೆ ತೋಟವೊಂದರಲ್ಲಿ ಹಳೆಯ ಮೆಟ್ಟಿಲುಬಾವಿ. ಒಳಗೋಡೆಯಲ್ಲಿ ಕೆತ್ತನೆ ಇದೆ ಎಂದು ಇಬ್ಬರೂ ಸೈಕಲ್ ಬದಿಗೆ ಒಗೆದು ಬಗ್ಗಿ ನೋಡುತ್ತಿದ್ದೆವು.

“ಏ ಯವ್ವಾ! ನಿಂದರ್ರಿ! ನಿಂದರ್ರಿ!”

ಕಬ್ಬಿನೊಳಗಿಂದ ಒಬ್ಬ ಮುದುಕ, ಅವನ ಹಿಂದೆ ಕುಡುಗೋಲು ಹಿಡಿದ ನಾಲ್ಕು ಮಂದಿ ಹೆಂಗಸರು ಓಡಿ ಬಂದರು. ಹೆಂಗಸರು ನಮ್ಮ ರಟ್ಟೆ ಹಿಡಿದು ದೂರ ಎಳೆದು ಕೂರಿಸಿದರು. ಮುದುಕ ಎದುರಿಗೆ ಕುಕ್ಕರಗಾಲಲ್ಲಿ ಕುಳಿತ.

“ಗಂಡ ಏನಂದಾ?”

“ಯಾರೂ ಏನೂ ಅಂದಿಲ್ಲ ಅಜ್ಜಾರ. ಚಿಕ್ಕೋಡಿಂದ ಕೆತ್ತನಿ ನೋಡಾಕ ಬಂದೀವಿ.”

“ಕೆತ್ತನಿ ನೋಡಾಕ ಚಿಕ್ಕೋಡಿಂದ ಸೈಕಲ್ ತುಳ್ಕೊಂತ ಬರ್ತಾರೇನ?” ಅಜ್ಜನ ಕಣ್ಣು ತುಂಬಿತ್ತು. “ಸಂಸಾರದಾಗ ಒಂದ ಮಾತ ಬರ್ತೈತಿ, ಹೋಗ್ತೈತಿ. ಮೊದ್ಲ ಚಾ ಕುಡೀರಿ.”

ಚಹಾ ಬಂತು, ಬಿಸಿ ರೊಟ್ಟಿ ಬಂತು, ಚಟ್ನಿ ಬಂತು. ಆಮೇಲೆ ನನ್ನ ಗಂಡನ ನಂಬರು ಕೇಳಿ ಪಡೆದು, ತಾನೇ ಫೋನು ಹಚ್ಚಿದ. “ನೋಡ್ರಿ ಸಾಹೇಬ್ರ, ಬಂಗಾರದಂಥ ಹೆಂಡ್ತಿ ಅದಾಳ. ಚಂದಂಗ ಮಾತಾಡಸ್ರಿ. ಬೆಳಿಗ್ಗೆ ಒಂದ ಕಪ್ ಚಾ ಮಾಡಿ ಕೊಟ್ರ ನಿಮ್ಮ ಗಂಟ ಏನ ಹೋಗ್ತೈತಿ?”

ಒಂದು ವಾರ ನನ್ನ ಗಂಡ ದಿನಾ ಬೆಳಿಗ್ಗೆ ಚಹಾ ಮಾಡಿಕೊಟ್ಟ. ಆಮೇಲೆ ಮರೆತ. ಆ ಕಡೆ ಇನ್ನೊಂದು ಬಾವಿ ಎಲ್ಲಿದೆ ಎಂದು ವಿಚಾರಿಸುತ್ತಿದ್ದೇನೆ.

ಉಡಿ

ಅಥಣಿ ಕಡೆ ಬಿದ್ದ ವಾಡೆಯೊಂದರ ಬಾಗಿಲ ಕಮಾನು ನೋಡಿ ಬರುವಾಗ ನನ್ನ ಸೈಕಲ್ ಪಂಕ್ಚರ್ ಆಯಿತು. ದ್ರಾಕ್ಷಿ ತೋಟದ ಮನೆಯಾಕೆ ಒಳಗೆ ಕರೆದರು. ಅವರ ಯಜಮಾನರು ಪಂಕ್ಚರ್ ತಿದ್ದುವಷ್ಟರಲ್ಲಿ ನಮಗೆ ಊಟವಾಯಿತು. ಹೊರಟು ನಿಂತರೆ ಆಕೆ ತಟ್ಟೆ ತಂದರು. ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಕುಪ್ಪಸದ ಕಣ.

“ಮನಿಗೆ ಬಂದ ಹೆಣಮಗಳ್ನ ಬರೇ ಉಡೀಲೆ ಹೆಂಗ ಕಳಸೂದ್ರಿ? ಸೆರಗ ಒಡ್ರಿ.”

ನಾನು ನನ್ನನ್ನೇ ನೋಡಿಕೊಂಡೆ. ಟ್ರ್ಯಾಕ್ ಪ್ಯಾಂಟು, ಟೀ ಶರ್ಟು. ಆಕೆಯೂ ನೋಡಿದರು. ಸುಮಾರು ಹೊತ್ತು ಮೂವರೂ ನನ್ನ ಸೆರಗು ಹುಡುಕಿದೆವು. ಕೊನೆಗೆ ಹೆಲ್ಮೆಟ್ ತೆಗೆದು ಬೋರಲು ಮಾಡಿ ಹಿಡಿದೆ. ಆಕೆ ನಗಲಿಲ್ಲ. ಹೆಲ್ಮೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ಶಾಸ್ತ್ರದ ಪ್ರಕಾರ ತುಂಬಿದರು.

ತುಂಬಿ, ಶಮೀಮಕ್ಕನ ಕಡೆ ತಿರುಗಿ, ಕೊಡಬೇಕೋ ಬಾರದೋ ಎಂದು ಒಂದು ಕ್ಷಣ ತಡೆದರು. ಶಮೀಮಕ್ಕನ ಹೆಲ್ಮೆಟ್ ಆಗಲೇ ಮುಂದೆ ಬಂದಿತ್ತು.

“ಯಾಕ್ರಿ, ನನಗೇನ ತವರುಮನಿ ಬ್ಯಾಡೇನ?”

ಆಕೆ ಮತ್ತೆ ಒಳಗೆ ಹೋಗಿ, ನನಗೆ ಕೊಟ್ಟದ್ದಕ್ಕಿಂತ ಒಳ್ಳೆಯ ಕಣ ಹುಡುಕಿ ತಂದರು.

ಸೈಕಲ್ ಹೆಲ್ಮೆಟ್ಟಿಗೆ ಗಾಳಿಯಾಡಲು ಕಿಂಡಿಗಳಿರುತ್ತವೆ ಎಂಬುದು ನಮಗೂ ಮರೆತಿತ್ತು. ಹ್ಯಾಂಡಲ್ಲಿಗೆ ತೂಗುಹಾಕಿಕೊಂಡು ಮುಂದಿನ ಊರು ದಾಟುವಾಗ ಜನ ನಮ್ಮನ್ನು ಬಿಟ್ಟು ಹಿಂದೆ ನೋಡುತ್ತಿದ್ದರು. ತಿರುಗಿದರೆ, ಅಕ್ಕಿಯ ಜಾಡು ಹಿಡಿದು ಊರಿನ ಕೋಳಿಗಳೆಲ್ಲ ನಮ್ಮನ್ನು ಕಳಿಸಿಕೊಡಲು ಬರುತ್ತಿದ್ದವು.

ದೋಣಿ

ರಂಜಾನ್ ಮುಗಿಯಲಿ, ಹೇಳುತ್ತೇವೆ ಎಂದಿದ್ದರು ಶಿರಗುಪ್ಪಿಯವರು. ಹಬ್ಬ ಮುಗಿಯಿತು. ಮಾತಿಲ್ಲ. ಶಮೀಮಕ್ಕ ಸೈಕಲ್ಲಿಗೆ ಹಳೆಯ ಚಾದರ ಹೊದಿಸಿಟ್ಟರು. ಹೊಲಿದ ಕುಪ್ಪಸಗಳ ತೋಳು ಒಂದು ಮೇಲೆ, ಒಂದು ಕೆಳಗೆ ಬರತೊಡಗಿದವು. ಗೋಡೆಯಾಚೆ ಮಷಿನ್ನಿನ ಸದ್ದು ನಿಂತು ನಿಂತು ಕೇಳುತ್ತಿತ್ತು.

“ಆನಿ ನೋಡಿ ಬರೂಣ ನಡೀರಿ” ಎಂದೆ ಒಂದು ದಿನ. “ಅರ್ಧ ಹಾದಿ ಟೆಂಪೋದಾಗ ಹೋಗೂಣ. ಶಿರಗುಪ್ಪಿ ಮಂದಿ ಏಳೂದ್ರಾಗ ದಾಟಿಬಿಡೂಣ.”

ಶಮೀಮಕ್ಕ ದುಪಟ್ಟಾ ಮುಖಕ್ಕೆ ಸುತ್ತಿ, ಅದರ ಮೇಲೆ ಹೆಲ್ಮೆಟ್ ಹಾಕಿ, ಮೇಲೆ ತಂಪು ಕನ್ನಡಕ ಇಟ್ಟುಕೊಂಡು ಬಂದರು. ಇಷ್ಟು ಮುಚ್ಚಿಕೊಂಡ ಮನುಷ್ಯರನ್ನು ಕಂಡರೆ ಯಾರಾದರೂ ತಿರುಗಿ ನೋಡದೆ ಇರುವುದಿಲ್ಲ ಎಂದು ನಾನು ಹೇಳಲಿಲ್ಲ. ಶಿರಗುಪ್ಪಿಯಲ್ಲಿ ನಾಯಿಗಳು ಮಾತ್ರ ನೋಡಿದವು. ಜುಗೂಳದ ದಂಡೆಗೆ ಬಂದು, ಸೈಕಲ್ ದೋಣಿಗೇರಿಸಿ, ದೋಣಿ ನೀರಿಗಿಳಿದ ಮೇಲೆ ಶಮೀಮಕ್ಕ ಉಸ್ಸೆಂದು ದುಪಟ್ಟಾ ಬಿಚ್ಚಿದರು.

“ನೀವು ಚಿಕ್ಕೋಡಿಯವರಲ್ಲೇನ್ರಿ?”

ದೋಣಿಯ ಆ ತುದಿಯಲ್ಲಿ ಬುಟ್ಟಿ ಹಿಡಿದು ಕುಳಿತಿದ್ದರು, ಹುಡುಗನ ತಾಯಿ. ಆಚೆ ದಂಡೆಯ ತಂಗಿಯ ಮನೆಗೆ ಹೊರಟವರು. ಶಮೀಮಕ್ಕ ನೀರು ನೋಡಿದರು. ಹಾರುತ್ತಾರೇನೋ ಎಂದು ನಾನು ಅವರ ರಟ್ಟೆ ಹಿಡಿದೆ.

ಆಕೆ ಸೈಕಲ್ ನೋಡಿದರು. ಕೆಸರಾದ ಪ್ಯಾಂಟು ನೋಡಿದರು. ನಾನಿದ್ದೆನೆಂದು ಉರ್ದು ಬಿಟ್ಟು ಕನ್ನಡದಲ್ಲೇ ಕೇಳಿದರು, “ಚಿಕ್ಕೋಡಿಂದ ಇದರ ಮ್ಯಾಲೆ ಬಂದ್ರಿ?”

ಶಮೀಮಕ್ಕ ಹೌದೆಂದು ತಲೆಯಾಡಿಸಿದರು. ಆಕೆಯ ಮುಖ ಇಳಿಯಿತು.

“ಅಲ್ಲಾ... ನಾ ಒಂದ ಮಾತ ಹೇಳಾಕ ತಡಾ ಮಾಡಿದ್ಕ, ಜವಾಬ ಕೇಳಾಕ ಸೈಕಲ್ ತುಳ್ಕೊಂಡ ಬರೂ ಹಂಗ ಆತೇನ್ರಿ ಆಪಾ? ಮನ್ಯಾಗ ಒಬ್ಬೊಬ್ಬರನ್ನ ಕೇಳೂದ್ರಾಗ ಹೊತ್ತ ಹೋತು. ಹೆಣ್ಣ ಹಡದವ್ರ ಜೀವ ಹೆಂಗ ಇರ್ತೈತಿ ಅಂತ ನನಗ ತಿಳೀಬೇಕಾಗಿತ್ತು.”

ಇಲ್ಲಿ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಶಮೀಮಕ್ಕ ಸುಳ್ಳಿನ ಮೇಲೆ ಮಗಳ ಮದುವೆ ಮಾಡುವವರಲ್ಲ. “ಇಲ್ರಿ ಆಪಾ” ಎಂದರು. “ನಾ ಖರೇನ ಆನಿ ನೋಡಾಕ ಬಂದೇನಿ. ದರ ಐತ್ವಾರ ಹಿಂಗ ಹೋಗ್ತೀನಿ. ನನಗ ಸೈಕಲ್ ಅಂದ್ರ ಭಾಳ ಖುಷಿ.”

ಆಕೆ ಇವರ ಕೈ ಹಿಡಿದುಕೊಂಡರು. “ಸಾಕ ಬಿಡ್ರಿ. ನನ್ನ ಮನಸ್ಸಿಗೆ ಹತ್ತಬಾರದಂತ ಹಿಂಗ ಹೇಳಾಕತ್ತೀರಿ.”

ಆಕೆ ತಂಗಿಯ ಮನೆ ಬಿಟ್ಟು ನಮ್ಮ ಜೊತೆಗೇ ಗುಡಿಗೆ ಬಂದರು. ಶಮೀಮಕ್ಕ ಆನೆಗಳ ಸಾಲಿನುದ್ದಕ್ಕೂ ನಡೆದು, ಸೊಂಡಿಲು ಮುರಿದ ಆನೆಯ ಮುಂದೆ ಕುಳಿತು, ಅದರ ನೆತ್ತಿಯ ಮೇಲೆ ಕೈಯಿಟ್ಟರು. ಕಿಸೆಯಿಂದ ಪುಟಾಣಿಯ ಪೊಟ್ಟಣ ತೆಗೆದು ಅದರ ಮುಂದೆ ಇಟ್ಟರು. “ಅಬ್ಬಾ ಕಳಿಸ್ಯಾರ, ತಿನ್ನು” ಎಂದು ಮೆಲ್ಲಗೆ ಹೇಳುತ್ತಾ ಕಣ್ಣೊರೆಸಿಕೊಂಡರು.

ಬೀಗತಿ ನನ್ನ ಪಕ್ಕಕ್ಕೆ ಸರಿದು ಕಿವಿಯಲ್ಲಿ ಹೇಳಿದರು, “ಮಗಳ ಚಿಂತಿ ಪಾಪ ತಲಿಗೇ ಏರೈತಿ. ಇನ್ನ ತಡಾ ಮಾಡೂದ ಬ್ಯಾಡ. ಬರೂ ತಿಂಗಳ ನಿಕಾ ಮಾಡಿಬಿಡೂಣು.”

ಮಾಡಿದರು. ಮದುವೆಯ ಊಟದಲ್ಲಿ ಶಿರಗುಪ್ಪಿಯ ಪ್ರತಿಯೊಬ್ಬರೂ ಶಮೀಮಕ್ಕನನ್ನು ಬೆರಳು ಮಾಡಿ ತೋರಿಸಿ, ಮಗಳ ಸಲುವಾಗಿ ಸೈಕಲ್ ತುಳಿದು ಹೊಳೆ ದಾಟಿದ ತಾಯಿ ಎಂದು ಪಕ್ಕದವರಿಗೆ ಹೇಳುತ್ತಿದ್ದರು. ಟೆಂಪೋ ಯಾರ ಬಾಯಲ್ಲೂ ಬರಲಿಲ್ಲ.

ಮೊನ್ನೆ ಬೀಗತಿಯ ಫೋನು ಬಂತಂತೆ. ಅವರ ಮಗಳಿಗೂ ನಿಪ್ಪಾಣಿಯ ಕಡೆ ಒಂದು ಮಾತು ನಡೆದಿದೆ, ಗಂಡಿನವರು ಹೂಂ ಅನ್ನುತ್ತಿಲ್ಲ. “ಆಪಾ, ನಿಮ್ಮ ಸೈಕಲ್ ಒಂದ ದಿನಾ ಕಡಾ ಕೊಡ್ರಿ. ನನಗ ತುಳಿಯಾಕ ಬರೂದಿಲ್ಲ, ಅವರ ಓಣಿ ಬಾಯಾಗ ಇಳಿದು ಕೈಲೆ ಹಿಡಕೊಂಡು ಹೋಗ್ತೀನಿ.”

ಶಮೀಮಕ್ಕ ಸೈಕಲ್ ತೊಳೆದು, ಸರಪಳಿಗೆ ಎಣ್ಣೆ ಬಿಟ್ಟು ಇಟ್ಟಿದ್ದಾರೆ. ಹೆಲ್ಮೆಟ್ ಕೂಡ ಕೊಡುತ್ತಾರಂತೆ, ಉಡಿ ತುಂಬಿದರೆ ಬೇಕಾಗುತ್ತದೆ ಎಂದು. ನೀವು ಇದನ್ನು ನಾಲ್ಕು ಮಂದಿಗೆ ಹೇಳಿರಿ. ಆದರೆ ಹೇಳುವಾಗ ಇದೊಂದು ಮಾತು ಬಿಡಬೇಡಿರಿ, ಶಮೀಮಕ್ಕ ಆನೆ ನೋಡಲಿಕ್ಕೇ ಹೋಗಿದ್ದರು. ಒಬ್ಬರಾದರೂ ನಂಬಲಿ.