ಕೊಡೆ ನಾಟಕದ ನಲವತ್ತೊಂದು ಮಾತುಗಳು

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದಲ್ಲ. ಓದುತ್ತಾ ಹೋದಂತೆ ನಿಮಗೆ ಬೇರೆ ಥರ ಅನ್ನಿಸಿದರೆ ಅದು ನಿಮ್ಮ ಹಣೆಬರಹ. ನಾನಂತೂ ಬಗ್ಗುವವಳಲ್ಲ.

ನಾನು ಏಳನೇ ಕ್ಲಾಸಿಗೆ ಇಂಗ್ಲಿಷ್ ಕಲಿಸುವ ಮಿಸ್ಸು. ಎಲ್ಲ ಶುರುವಾದದ್ದು ಒಂದು ಪೆಟ್ಟಿಗೆಯಿಂದ. ಇಲಾಖೆಯವರು ಇಂಗ್ಲಿಷ್ ಪಾಠಕ್ಕೆಂದು ಪ್ರತಿ ಶಾಲೆಗೂ ಒಂದು ನೀಲಿ ಪೆಟ್ಟಿಗೆ ಕಳಿಸಿದ್ದರು. ಅದರಲ್ಲಿ ಪದ್ಯಕ್ಕೆ ಬಣ್ಣದ ಚಿತ್ರಪಟಗಳು, ನಾಟಕಕ್ಕೆ ಮುಖವಾಡಗಳು, ಬೆರಳಿಗೆ ಹಾಕಿಕೊಳ್ಳುವ ಬೊಂಬೆಗಳು, ಓದಲು ಬಾರದ ಮಕ್ಕಳಿಗೆ ಅಕ್ಷರದ ಬಿಲ್ಲೆಗಳು, ಇವುಗಳನ್ನೆಲ್ಲ ಹೇಗೆ ಬಳಸಬೇಕೆಂದು ಹೇಳುವ ದಪ್ಪದೊಂದು ಕೈಪಿಡಿ. (ಕೈಪಿಡಿ ಎತ್ತಲು ಎರಡು ಕೈಯೂ ಬೇಕು.) ಪೆಟ್ಟಿಗೆ ಬಂದ ದಿನವೇ ನಮ್ಮ ಹೆಡ್ ಮೇಡಂ ಅದನ್ನು ಬೀರುವಿನಲ್ಲಿಟ್ಟು ಬೀಗ ಜಡಿದರು.

"ಮೇಡಂ, ಮುಖವಾಡ ಒಂದೆರಡು ಕೊಡಿ, ನಾಟಕದ ಪಾಠ ಇದೆ," ಎಂದೆ.

"ಮಕ್ಕಳ ಕೈಗೆ ಕೊಟ್ರೆ ಹಾಳಾಗುತ್ತೆ ಕಣ್ರೀ."

"ಮಕ್ಕಳು ಹಾಳು ಮಾಡ್ಲಿ ಅಂತಾನೇ ಅಲ್ವಾ ಕಳ್ಸಿರೋದು?"

"ಇಲಾಖೆ ಸಾಹೇಬ್ರು ತಪಾಸಣೆಗೆ ಬಂದಾಗ ತೋರಿಸ್ಬೇಕು. ನೀವು ಕೈಪಿಡಿ ಓದ್ಕೊಳ್ಳಿ, ಪೆಟ್ಟಿಗೆ ಇದೆ ಅಂತ ಅಂದ್ಕೊಂಡು ಪಾಠ ಮಾಡಿ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ. ಸರಿ, ನಿಮ್ಮ ಪೆಟ್ಟಿಗೆ ನಿಮಗೇ ಇರಲಿ, ನನ್ನ ಮನೆಯೇ ಒಂದು ಪೆಟ್ಟಿಗೆ ಎಂದು ಅಲ್ಲೇ ಪ್ರತಿಜ್ಞೆ ಮಾಡಿದೆ.

ಮಾರನೆಯ ದಿನದಿಂದ ನಮ್ಮ ಮನೆಯ ಚರಾಸ್ತಿಗಳು ಒಂದೊಂದಾಗಿ ಶಾಲೆಗೆ ಹೊರಟವು. ಪದ್ಯದ ಲಯ ಹಿಡಿಯಲು ಸೌಟು ಮತ್ತು ಎರಡು ಪಾತ್ರೆಯ ಮುಚ್ಚಳ. ರಂಗಮಂಚದ ಪರದೆಗೆ ದೊಡ್ಡ ಮಂಚದ ಹೊದಿಕೆ. ಓದಿನ ಚೀಟಿಗಳಿಗಾಗಿ ಅಡುಗೆಮನೆಯ ಡಬ್ಬಿಗಳ ಮೇಲೆ ಅಂಟಿಸಿದ್ದ ಹೆಸರುಗಳನ್ನೆಲ್ಲ ಕಿತ್ತುಕೊಂಡು ಹೋದೆ. ಅಂದು ನಮ್ಮ ಯಜಮಾನರು ಉಪ್ಪು ಹಾಕಿದ ಚಹಾ ಕುಡಿದರು. ಪೂರ್ತಿ ಕುಡಿದರು ಎನ್ನುವುದನ್ನು ಗಮನಿಸಿ, ಆ ಮನುಷ್ಯನ ಸ್ವಭಾವ ಮುಂದೆ ಬೇಕಾಗುತ್ತದೆ.

ನಮ್ಮ ಯಜಮಾನರದು ಗಡಿಯಾರ ರಿಪೇರಿ ಅಂಗಡಿ. ದಿನವಿಡೀ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿರುತ್ತಾರೆ. ಮಾತಾಡಿದರೆ ಉಸಿರು ತಾಗಿ ಸಣ್ಣ ಸಣ್ಣ ಮೊಳೆಗಳು ಹಾರಿಹೋಗುತ್ತವಂತೆ. ಆ ಅಭ್ಯಾಸವನ್ನು ಮನೆಗೂ ತಂದಿದ್ದಾರೆ. ಅವರು ಇಡೀ ದಿನದಲ್ಲಿ ಆಡುವ ಮಾತನ್ನು ಒಂದು ಬೆಂಕಿಪೊಟ್ಟಣದಲ್ಲಿ ತುಂಬಬಹುದು. ಮನೆ ಎಂದ ಮೇಲೆ ಇಂತಿಷ್ಟು ಮಾತು ಆಗಲೇಬೇಕಲ್ಲ? ಅವರ ಪಾಲಿನದನ್ನೂ ನಾನೇ ಆಡಿ ಸಂಸಾರ ತೂಗಿಸಿಕೊಂಡು ಬಂದಿದ್ದೇನೆ. ಇದನ್ನು ಜನ ಬಾಯಿಬಡುಕತನ ಅನ್ನುತ್ತಾರೆ. ಅನ್ನಲಿ.

ಒಂದು ದಿನ ಬೆಳಿಗ್ಗೆ ಮೋಡ ಕವಿದಿತ್ತು. ಯಜಮಾನರು ಬಾಗಿಲ ಹಿಂದೆ ನೋಡಿದರು, ಮಂಚದ ಕೆಳಗೆ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ನನ್ ಕೊಡೆ ಎಲ್ಲಿ?"

ಇಷ್ಟೇ ಅವರು ಅಂದದ್ದು. ಆದರೆ ಕೇಳಿದ ಧಾಟಿ ನೋಡಬೇಕಿತ್ತು! ಕಳೆದವಳು ನಾನೇ ಅನ್ನುವ ಹಾಗೆ. ನಾನು ಸುಮ್ಮನಿರಲಿಲ್ಲ. ಬಸ್ಸಿನಲ್ಲಿ ಬಿಟ್ಟಿರುತ್ತೀರಿ ಎಂದೆ. ಹೋದ ವರ್ಷದ ಟಾರ್ಚು, ಅದರ ಹಿಂದಿನ ವರ್ಷದ ಮಫ್ಲರು, ಮದುವೆಯಾದ ಹೊಸದರಲ್ಲಿ ರೈಲಿನಲ್ಲಿ ಮರೆತ ನನ್ನ ಟ್ರಂಕು, ಎಲ್ಲವನ್ನೂ ದಿನಾಂಕ ಸಮೇತ ಒಪ್ಪಿಸಿದೆ. ಊರವರ ಗಡಿಯಾರಗಳ ಮೊಳೆ ಮೊಳೆಯೂ ನೆನಪಿರುವವರಿಗೆ ಸ್ವಂತ ಕೊಡೆ ನೆನಪಿಲ್ಲವೇ ಎಂದು ಕೇಳಿದೆ. ನಡುನಡುವೆ ಅವರು "ಆಯ್ತು" ಎಂದರು, "ನಾನೇನೂ ಅನ್ಲಿಲ್ಲ" ಎಂದರು, ಇನ್ನೊಮ್ಮೆ "ಆಯ್ತು" ಎಂದರು, "ಹೋಗ್ಬರ್ತೀನಿ" ಎಂದು ನೆನೆಯುತ್ತಾ ಹೋದರು.

ಅಂದೇ ಶಾಲೆಯಲ್ಲಿ ನಾಟಕದ ಪಾಠ. ಪುಸ್ತಕದಲ್ಲಿದ್ದದ್ದು ಒಬ್ಬ ರಾಜ, ಒಬ್ಬ ಮಂತ್ರಿ. ಇಬ್ಬರೂ ಮನುಷ್ಯರು ಮಾತಾಡುವ ಹಾಗೆ ಮಾತಾಡುವುದಿಲ್ಲ. ಮಕ್ಕಳು ಆಕಳಿಸುತ್ತಿದ್ದರು. ನನಗೆ ತಟ್ಟನೆ ಹೊಳೆಯಿತು. ನಾಟಕ ಬೇಕೆಂದರೆ ರಾಜನ ಅರಮನೆಗೆ ಯಾಕೆ ಹೋಗಬೇಕು? ಬೆಳಗಿನ ಸಂಭಾಷಣೆಯನ್ನು ಚಾಚೂ ತಪ್ಪದೆ ಇಂಗ್ಲಿಷಿಗೆ ಇಳಿಸಿ, ಮಾತಿಗೊಂದರಂತೆ ಕಾರ್ಡು ಬರೆದೆ. ಹೆಂಡತಿಗೆ ನಲವತ್ತೊಂದು ಕಾರ್ಡು, ಗಂಡನಿಗೆ ಐದು.

ಹೆಂಡತಿಯ ಪಾತ್ರಕ್ಕೆ ಕ್ಲಾಸಿನ ಮಾತಿನಮಲ್ಲಿ ಕೈ ಎತ್ತಿದಳು. ಗಂಡನಾಗಲು ಯಾವ ಹುಡುಗನೂ ಮುಂದೆ ಬರಲಿಲ್ಲ. ಆಗ ಕೊನೆಯ ಬೆಂಚಿನ ಹುಡುಗಿ ಎದ್ದು ನಿಂತಳು.

ಈ ಹುಡುಗಿಯ ಬಗ್ಗೆ ಹೇಳಬೇಕು. ಬೋರ್ಡಿನ ಮೇಲಿದ್ದದ್ದನ್ನು ಗುಂಡಗೆ ನಕಲು ಮಾಡುತ್ತಿದ್ದಳೇ ಹೊರತು ಎರಡು ವರ್ಷದಲ್ಲಿ ಒಂದು ಇಂಗ್ಲಿಷ್ ಸಾಲನ್ನೂ ಬಾಯಿಬಿಟ್ಟು ಓದಿದವಳಲ್ಲ, ಸ್ವಂತವಾಗಿ ಬರೆದವಳಂತೂ ಅಲ್ಲವೇ ಅಲ್ಲ. ಅವಳು ಐದು ಕಾರ್ಡು ತೆಗೆದುಕೊಂಡು, ತುಟಿ ಅಲ್ಲಾಡಿಸಿ, ಬೆರಳಿಟ್ಟು ನೋಡಿ, "ವೇರ್ ಈಸ್ ಮೈ ಅಂಬ್ರೆಲಾ?" ಎಂದು ಓದಿದಳು. ಕ್ಲಾಸು ನಕ್ಕಿತು. ಅವಳೂ ನಕ್ಕು ಮುಂದಿನ ಕಾರ್ಡು ಓದಿದಳು. ಐದನ್ನೂ ಓದಿದಳು. ನಾನು ಸ್ಟಾಫ್ ರೂಮಿಗೆ ಹೋಗಿ, ಹಾಜರಿ ಪುಸ್ತಕ ಮುಖಕ್ಕೆ ಅಡ್ಡ ಹಿಡಿದು ಅತ್ತೆ. ಹದಿನೆಂಟು ವರ್ಷದ ನೌಕರಿಯಲ್ಲಿ ಅಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ.

ಹೆಡ್ ಮೇಡಂ ಕಿವಿಗೆ ಸುದ್ದಿ ಬಿತ್ತು.

"ಶಾಲೇಲಿ ಗಂಡ ಹೆಂಡತಿ ಜಗಳ ಹೇಳ್ಕೊಡ್ತಿದ್ದೀರಂತೆ? ಶುಕ್ರವಾರ ಸಾಹೇಬ್ರು ಬರ್ತಿದ್ದಾರೆ. ಅವರು ಬೇಡ ಅಂದ್ರೆ ಈ ಕಾರ್ಡು, ಸೌಟು ಎಲ್ಲಾ ಕಸದ ಬುಟ್ಟಿಗೆ. ಇಂಗ್ಲಿಷ್ ಪೀರಿಯಡ್ಡು ಕಂಪ್ಯೂಟರ್ ಸರ್‌ಗೆ. ಅವರಾದ್ರೆ ಸುಮ್ನೆ ಪರದೆ ಮೇಲೆ ತೋರಿಸ್ತಾರೆ."

"ಬರ್ಲಿ ಮೇಡಂ. ಅವರೆದುರಿಗೇ ಆಡಿಸ್ತೀನಿ," ಎಂದೆ. ಕಾಲು ನಡುಗುತ್ತಿತ್ತು, ಆದರೆ ಕಾಲು ಮೇಜಿನ ಕೆಳಗಿತ್ತು.

ಶುಕ್ರವಾರ ಬಂತು. ಸಾಹೇಬರು ಬಂದರು, ಹೆಡ್ ಮೇಡಂ ಪಕ್ಕದಲ್ಲಿ ಕೂತರು. ಪರದೆ ಸರಿಸಲು ನಾನು ಹಿಂದಕ್ಕೆ ತಿರುಗಿದೆ. ನೋಡಿದರೆ, ಹಿಂದಿನ ಗೋಡೆಗೆ ಒಂದು ಏಣಿ. ಏಣಿಯ ತುದಿಯಲ್ಲಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಗೋಡೆ ಗಡಿಯಾರದ ಹೊಟ್ಟೆ ಬಗೆದುಕೊಂಡು ನಮ್ಮ ಯಜಮಾನರು! ಕ್ಲಾಸಿನ ಗಡಿಯಾರ ನಿಂತು ಆರು ತಿಂಗಳಾಗಿತ್ತು. ಸಾಹೇಬರು ಬರುತ್ತಾರೆಂದು ಹೆಡ್ ಮೇಡಂ ಹೇಳಿಕಳಿಸಿದ್ದರಂತೆ. ಬರುತ್ತೇನೆಂದು ನನಗೊಂದು ಮಾತು ಹೇಳಬಾರದಿತ್ತೇ? (ಆಮೇಲೆ ಕೇಳಿದ್ದಕ್ಕೆ, "ನೀನು ಕೇಳ್ಲಿಲ್ಲ" ಎಂದರು.)

ಗಡಿಯಾರ ಬಿಚ್ಚಿಟ್ಟಿತ್ತು, ಇಳಿಯುವ ಹಾಗಿರಲಿಲ್ಲ. ನಾಟಕ ಶುರುವಾಗಿಬಿಟ್ಟಿತು, ನಿಲ್ಲಿಸುವ ಹಾಗೂ ಇರಲಿಲ್ಲ.

"ವೇರ್ ಈಸ್ ಮೈ ಅಂಬ್ರೆಲಾ?" ಎಂದಳು ಹುಡುಗಿ.

ಮಾತಿನಮಲ್ಲಿ ಸೊಂಟಕ್ಕೆ ಕೈ ಕೊಟ್ಟು ಶುರು ಮಾಡಿದಳು. ಬಸ್ಸು, ಟಾರ್ಚು, ಮಫ್ಲರು. ಅಯ್ಯೋ, ನಾನು ಮನೆಯಲ್ಲಿ ಹೀಗೆ ಕುತ್ತಿಗೆ ಕೊಂಕಿಸುತ್ತೇನೆಯೇ? ಯಜಮಾನರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ಟ್ರಂಕು ಎಂಬ ಪದ ಕೇಳಿದ ಕೂಡಲೇ ಅವರು ಭೂತಗನ್ನಡಿ ತೆಗೆದರು. ನಮ್ಮ ಮನೆಯ ಮಂಚದ ಹೊದಿಕೆಯನ್ನು ನೋಡಿದರು. ಸೌಟನ್ನು ನೋಡಿದರು. ಆಮೇಲೆ ಮೆಲ್ಲನೆ ಪಕ್ಕಕ್ಕೆ ತಿರುಗಿ, ತಮ್ಮ ಮೂಗಿಗೆ ತಾಗುವಷ್ಟು ಹತ್ತಿರದಲ್ಲಿ ನೇತಾಡುತ್ತಿದ್ದ ಒಂದು ವಸ್ತುವನ್ನು ನೋಡಿದರು.

ಅದು ನನ್ನ ಪದಗಳ ಮಳೆ. ಒಂದೂವರೆ ತಿಂಗಳ ಹಿಂದೆ ಪದ್ಯದ ಪಾಠಕ್ಕೆ ಮಾಡಿದ್ದು. ಮೇಲೆಲ್ಲ ಬಣ್ಣದ ಕಾಗದ ಅಂಟಿಸಿ, ಕಡ್ಡಿ ಕಡ್ಡಿಗೂ ದಾರ ಕಟ್ಟಿ, ದಾರದ ತುದಿಗೆ ಇಂಗ್ಲಿಷ್ ಪದಗಳನ್ನು ಇಳಿಬಿಟ್ಟು, ಸೂರಿನ ಕೊಕ್ಕೆಗೆ ತೂಗುಹಾಕಿದ್ದೆ. ಮಕ್ಕಳು ಎಗರಿ ಎಗರಿ ಪದ ಕಿತ್ತುಕೊಂಡು ಪದ್ಯ ಕಟ್ಟುತ್ತಿದ್ದರು. ಏನನ್ನು ತೂಗುಹಾಕಿದ್ದೆ ಎಂದು ಕೇಳುತ್ತೀರಾ? ನೋಡಿ, ಬಣ್ಣದ ಕಾಗದ ಅಂಟಿಸಿದ ಮೇಲೆ ಅದು ಕೊಡೆಯಾಗಿ ಉಳಿದಿರಲಿಲ್ಲ, ಬೋಧನೋಪಕರಣವಾಗಿತ್ತು! ಯಾವ ಟೀಚರನ್ನಾದರೂ ಕೇಳಿ, ಹೀಗೇ ಆಗುತ್ತದೆ. ಹಿಡಿಕೆಗೆ ಅವರೇ ಸುತ್ತಿದ್ದ ಹಳೆಯ ವಾಚಿನ ಚರ್ಮದ ಪಟ್ಟಿ ಮಾತ್ರ ಹಾಗೇ ಇತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ, ಆ ಕೊಡೆಯ ಕೆಳಗೇ ನಿಂತು ನಾನು ಕೊಡೆ ಕಳೆದ ನಾಟಕ ಆಡಿಸುತ್ತಿದ್ದೆ.

ಯಜಮಾನರು ಒಂದು ಬೆರಳಿನಿಂದ ಕೊಡೆಯನ್ನು ತಳ್ಳಿದರು. ಅದು ನಿಧಾನವಾಗಿ ತಿರುಗಿತು. "ಐ ಸೆಡ್ ನಥಿಂಗ್," ಎಂದು ಹುಡುಗಿ ಅದೇ ಹೊತ್ತಿಗೆ ಓದಿದಳು. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು.

ನಾಟಕ ಮುಗಿದ ಮೇಲೆ ಅವರು ಹುಡುಗಿಯನ್ನು ಹತ್ತಿರ ಕರೆದು ಇನ್ನೂ ನಾಲ್ಕು ಸಾಲು ಓದಿಸಿದರು. ಅವಳು ತಡವರಿಸುತ್ತಾ ಓದಿದಳು. ಹೆಡ್ ಮೇಡಂ ಬಾಯಿ ತೆರೆದದ್ದು ಮುಚ್ಚಲಿಲ್ಲ.

"ಬಹಳ ಒಳ್ಳೇ ಉಪಾಯ ಮಿಸ್," ಎಂದರು ಸಾಹೇಬರು. "ಗಂಡನ ಪಾತ್ರ ಅಮೋಘ. ಸಣ್ಣ ಸಣ್ಣ ವಾಕ್ಯ, ಒಂದೇ ಮಾತು ಮತ್ತೆ ಮತ್ತೆ ಬರುತ್ತೆ, ಎಂಥ ಮಗು ಬೇಕಾದ್ರೂ ಓದುತ್ತೆ. ನಮ್ಮ ವಲಯದ ಎಲ್ಲ ಶಾಲೆಗೂ ಅಚ್ಚು ಹಾಕಿಸಿ ಕಳಿಸೋಣ. ಆದ್ರೆ ಹೆಂಡತಿ ಮಾತು ವಿಪರೀತ ಉದ್ದ. ಗಂಡಂಗೆ ಎಷ್ಟೋ ಹೆಂಡತಿಗೂ ಅಷ್ಟೇ ಇರ್ಲಿ. ಐದು."

"ನಲವತ್ತೊಂದನ್ನ ಐದು ಮಾಡೋದಾ? ಸಾಧ್ಯ ಇಲ್ಲ ಸರ್."

"ಮಿಸ್!" ಎಂದರು ಹೆಡ್ ಮೇಡಂ.

"ತಲೆ ಹೋದ್ರೂ ಒಂದು ಮಾತೂ ತೆಗಿಯೋದಿಲ್ಲ ಸರ್. ಬರೆದೋಳು ನಾನು. ಒಂದೊಂದು ಮಾತಿಗೂ ಆಧಾರ ಇದೆ."

ಏಣಿಯ ತುದಿಯಿಂದ ಒಂದು ಕೆಮ್ಮು ಕೇಳಿಸಿತು.

"ಸೋಮವಾರದವರೆಗೆ ಯೋಚನೆ ಮಾಡಿ," ಎಂದು ಸಾಹೇಬರು ಎದ್ದರು.

ಸಂಜೆ ಮನೆಗೆ ಬಂದ ಯಜಮಾನರು ಕೊಡೆಯ ಸುದ್ದಿ ಎತ್ತುತ್ತಾರೆ ಎಂದು ಕಾದೆ. ಎತ್ತಿದರೆ ತಾನೇ ನಾನು ಜಗಳ ಮಾಡುವುದು? ಊಟ ಮಾಡಿದರು, ತಟ್ಟೆ ತೊಳೆದರು, ಪೇಪರು ಹಿಡಿದರು.

"ಏನಾದ್ರೂ ಹೇಳ್ಬಾರ್ದಾ?" ಎಂದೆ.

"ಏನು ಹೇಳ್ಲಿ?"

ಇಂಥವರ ಜೊತೆ ಹೇಗೆ ಬಾಳಬೇಕು, ನೀವೇ ಹೇಳಿ. ಶನಿವಾರ ಗಡಿಯಾರದ ಉಳಿದ ಕೆಲಸ ಇದೆಯೆಂದು ಮತ್ತೆ ಶಾಲೆಗೆ ಬಂದರು. ನನಗೆ ಆಗ ಎಂಟನೇ ಕ್ಲಾಸಿನಲ್ಲಿ ಪಾಠವಿತ್ತು, ನಾನು ಆ ಕಡೆ ತಲೆ ಹಾಕಲಿಲ್ಲ.

ಭಾನುವಾರ ಊಟದ ಮೇಜಿನ ಮೇಲೆ ಕಾರ್ಡುಗಳನ್ನು ಹರಡಿಕೊಂಡು ಕೂತೆ. ಪೆನ್ಸಿಲ್ ಹಿಡಿದದ್ದಷ್ಟೇ, ಒಂದನ್ನೂ ಹೊಡೆದುಹಾಕಲು ಮನಸ್ಸು ಬರಲಿಲ್ಲ. ಕೊನೆಯ ಬೆಂಚಿನ ಹುಡುಗಿ ಕಣ್ಣ ಮುಂದೆ ಬಂದಳು. ಅವಳಂಥ ಹುಡುಗಿ ಪ್ರತಿ ಶಾಲೆಯ ಕೊನೆಯ ಬೆಂಚಿನಲ್ಲೂ ಇರುತ್ತಾಳೆ. ಅಷ್ಟು ಜನಕ್ಕೆ ಓದು ಹತ್ತುವುದಾದರೆ ನನ್ನ ಮಾತು ಕತ್ತರಿಸಿದರೇನು ಎಂದು ಮನಸ್ಸಿನ ಒಂದು ಮೂಲೆ ಹೇಳಿತು. ಕತ್ತರಿಸಿದರೆ ಸೋತ ಹಾಗೆ ಎಂದು ಉಳಿದ ಮೂರು ಮೂಲೆಗಳು ಗದರಿಸಿದವು.

ಯಜಮಾನರು ಬಂದು ಎದುರಿಗೆ ಕೂತರು.

"ಒಂದನ್ನೂ ಹೊಡೀಬೇಡ," ಎಂದರು. "ಎಲ್ಲಾ ಚೆನ್ನಾಗಿದೆ. ನಲವತ್ತೊಂದೂ ಇರ್ಲಿ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಇಪ್ಪತ್ತು ವರ್ಷದಲ್ಲಿ ಆ ಮನುಷ್ಯ ನನ್ನ ಪರವಾಗಿ ಒಮ್ಮೆಗೇ ಮೂರು ವಾಕ್ಯ ಆಡಿದ್ದು ಇದೇ ಮೊದಲು. ಎದೆ ತುಂಬಿ ಬಂತು. ಚಹಾ ಮಾಡಲು ಏಳುವವಳಿದ್ದೆ.

"ಆದ್ರೆ ಗಂಡಂಗೆ ಕೊನೇಲಿ ಇನ್ನೊಂದು ಮಾತು ಬೇಕು," ಎಂದು ಜೇಬಿನಿಂದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿ ಇಂಗ್ಲಿಷಿನಲ್ಲಿ ಒಂದೇ ಸಾಲಿತ್ತು: "ಇಟ್ ಈಸ್ ಹ್ಯಾಂಗಿಂಗ್ ಇನ್ ಯುವರ್ ಕ್ಲಾಸ್."

ನನ್ನ ಕ್ಲಾಸಿನಲ್ಲೇ ನೇತಾಡುತ್ತಿದೆಯಂತೆ! ಈ ಒಂದು ಸಾಲು ಸೇರಿದರೆ ನಲವತ್ತೊಂದು ಮಾತಾಡಿದ ಆ ಹೆಂಡತಿಯ ಗತಿ ಏನು? ವಲಯದ ಶಾಲೆಗಳೆಲ್ಲ ಬಿದ್ದು ಬಿದ್ದು ನಗುತ್ತವೆ. ಚೀಟಿಯನ್ನು ಹರಿದು ಹಾಕಲು ಕೈಗೆತ್ತಿಕೊಂಡೆ. ಆಗ ಅಕ್ಷರ ಕಾಣಿಸಿತು. ಗುಂಡಗಿನ ಅಕ್ಷರ.

"ಇದನ್ನ ಯಾರು ಬರೆದದ್ದು?"

"ನಂಗೆಲ್ಲಿ ಇಂಗ್ಲಿಷ್ ಬರುತ್ತೆ? ನಿನ್ನೆ ಗಡಿಯಾರ ಸರಿ ಮಾಡೋಕೆ ಹೋದಾಗ, ಗಂಡನ ಪಾತ್ರ ಮಾಡಿದ್ದ ಮಗು ಅಲ್ಲಿತ್ತು. ನಾನು ನಮ್ಮ ಭಾಷೇಲಿ ಹೇಳಿದೆ, ಅದು ಕೊಡೆಯಿಂದ ಒಂದೊಂದೇ ಪದ ಹುಡುಕಿ ಬರ್ಕೊಡ್ತು. ಅರ್ಧ ಗಂಟೆ ಆಯ್ತು. ಯಾಕೆ, ತಪ್ಪಿದ್ಯಾ?"

ನಾನು ಸಾಲನ್ನು ಮೂರು ಸಲ ಓದಿದೆ. ಅವಳು ಜನ್ಮದಲ್ಲಿ ಸ್ವಂತವಾಗಿ ಬರೆದ ಮೊದಲನೆಯ ವಾಕ್ಯ. ಹರಿಯಲು ನನ್ನ ಕೈ ಬರಲಿಲ್ಲ. ಕಣ್ಣು ಮಂಜಾಯಿತು, ಮೈ ಉರಿಯಿತು, ಎರಡೂ ಒಟ್ಟಿಗೇ ಆಯಿತು.

"ತಪ್ಪಿಲ್ಲ," ಎಂದು ಕೆಂಪು ಪೆನ್ನಿನಿಂದ ದೊಡ್ಡದಾಗಿ ಸರಿ ಗುರುತು ಹಾಕಿದೆ. ಆಮೇಲೆ ಪೆನ್ಸಿಲ್ ತೆಗೆದುಕೊಂಡು ನನ್ನ ಮಾತುಗಳನ್ನು ಒಂದೊಂದಾಗಿ ಹೊಡೆಯತೊಡಗಿದೆ. ಬಸ್ಸು ಹೋಯಿತು. ಮಫ್ಲರು ಹೋಯಿತು. ಟ್ರಂಕನ್ನು ಹೊಡೆಯುವಾಗ ಮಾತ್ರ ಪೆನ್ಸಿಲ್ಲಿನ ಮೊನೆ ಮುರಿಯಿತು.

"ಅಯ್ಯೋ, ಅದನ್ಯಾಕೆ ಹೊಡೀತೀಯ? ಅದೇ ಮಜಾ!" ಎಂದರು ಯಜಮಾನರು.

"ನೀವು ಬಾಯ್ಮುಚ್ಕೊಂಡು ಪೆನ್ಸಿಲ್ ಚೂಪು ಮಾಡ್ಕೊಡಿ," ಎಂದೆ.

ನಾಟಕ ಅಚ್ಚಾಗಿ ಬಂದಿದೆ. ಈಗ ನಮ್ಮ ವಲಯದ ಅಷ್ಟೂ ಶಾಲೆಗಳಲ್ಲಿ ಹೆಂಡತಿಗೆ ಐದು ಮಾತು, ಗಂಡನಿಗೆ ಆರು. ಭೂಮಂಡಲದಲ್ಲಿ ಗಂಡನ ಮಾತೇ ಒಂದು ಕೈ ಮೇಲಾಗಿರುವ ಸಂಸಾರ ಅದೊಂದೇ ಇರಬೇಕು, ಅದನ್ನು ಬರೆದ ಪಾಪಿ ನಾನು. ನಮ್ಮ ಮನೆಯಲ್ಲಿ ಮಾತ್ರ ಹಾಗೆ ಆಗಿಲ್ಲ, ನನ್ನ ಗಂಟಲಿರುವವರೆಗೆ ಆಗುವುದೂ ಇಲ್ಲ.